ನೆಂಟರು ಕೈಹಾಕಿದ ಚರ್ಮ

ಚರ್ಮದಲ್ಲಿ ಮೂರು ಬಗೆ ಎಂದು ನನಗೆ ದಾವಣಗೆರೆಯ ತರಬೇತಿಯಲ್ಲಿ ಕಲಿಸಿದ್ದರು: ಒಣ ಚರ್ಮ, ಎಣ್ಣೆ ಚರ್ಮ, ಎರಡೂ ಕಲೆತ ಮಿಶ್ರ ಚರ್ಮ. ಕಲಿಸಿದ ಮಹಾತಾಯಿ ಪರದೆಯ ಮೇಲೆ ಗಾಜಿನಂಥ ಕೆನ್ನೆಯ ಹುಡುಗಿಯರನ್ನು ತೋರಿಸಿ, ಅವರ ಮುಖದಲ್ಲಿ ಇಲ್ಲದ ದೋಷಗಳನ್ನು ಕೋಲಿನಿಂದ ಮುಟ್ಟಿ ಮುಟ್ಟಿ ವಿವರಿಸುತ್ತಿದ್ದರು. ನಾಲ್ಕನೆಯ ಬಗೆಯೊಂದಿದೆ ಎಂದು ಆಕೆಗೆ ಗೊತ್ತಿರಲಿಲ್ಲ. ಚನ್ನಗಿರಿಯಲ್ಲಿ ಪಾರ್ಲರ್ ಇಟ್ಟುಕೊಂಡು, ಮದುವೆಯ ಹಂಗಾಮಿನಲ್ಲಿ ಪೆಟ್ಟಿಗೆ ಹೊತ್ತು ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ಬಸ್ಸಿನಲ್ಲಿ ತಿರುಗಿ ಅದನ್ನು ನಾನೇ ಕಂಡುಹಿಡಿದೆ. ಅದು ನೆಂಟರು ಕೈಹಾಕಿದ ಚರ್ಮ. ನಮ್ಮ ಕಡೆಯ ಮದುಮಗಳ ಮುಖ ಹುಟ್ಟಿನಿಂದ ಯಾವ ಬಗೆಯದೇ ಆಗಿರಲಿ, ಲಗ್ನಪತ್ರಿಕೆ ಹಂಚುವ ಹೊತ್ತಿಗೆ ನಾಲ್ಕನೆಯ ಬಗೆಗೆ ಸೇರಿಬಿಟ್ಟಿರುತ್ತದೆ.

ಒಬ್ಬ ಚಿಕ್ಕಮ್ಮ ನಿಂಬೆಹಣ್ಣು ಉಜ್ಜಿರುತ್ತಾಳೆ. ಇನ್ನೊಬ್ಬ ದೊಡ್ಡಮ್ಮ ಟೂತ್‌ಪೇಸ್ಟು ಹಚ್ಚಿ ಮೊಡವೆ ಒಣಗಿಸಿರುತ್ತಾಳೆ. ಅಡುಗೆ ಸೋಡಾ ಆಗಿರುತ್ತದೆ, ಫೋನಿನಲ್ಲಿ ಯಾರೋ ನಗುನಗುತ್ತ ಹೇಳಿದ ಕಾಫಿಪುಡಿಯೂ ಆಗಿರುತ್ತದೆ. ಇವರಲ್ಲಿ ಒಬ್ಬರೂ ತಮ್ಮ ಮನೆಯ ಎಮ್ಮೆಯ ಮೈಗೆ ಇಂಥದ್ದನ್ನು ತಿಕ್ಕಲಾರರು, ಹಾಲು ಕಡಿಮೆಯಾದೀತು ಎಂಬ ಭಯ. ಹುಡುಗಿಯ ಮುಖದ ವಿಚಾರದಲ್ಲಿ ಅಂಥ ಭಯವೇನಿಲ್ಲ.

ಬಣ್ಣ ಹಚ್ಚುವುದು ದೊಡ್ಡ ಕೆಲಸವಲ್ಲ. ಕೆಲಸವಿರುವುದು ಅದಕ್ಕೆ ಮುಂಚೆ. ಗೋಡೆಗೆ ಸುಣ್ಣ ಬಳಿಯುವವರು ಕೂಡ ಮೊದಲು ಗೋಡೆ ನೋಡುತ್ತಾರೆ, ಬಿರುಕು ತುಂಬುತ್ತಾರೆ, ನೀರು ಚಿಮುಕಿಸಿ ಕಾಯುತ್ತಾರೆ. ಅವರಿಗೆ ಯಾರೂ ಏನೂ ಅನ್ನುವುದಿಲ್ಲ. ಮುಖಕ್ಕೆ ಕ್ರೀಮು ಹಚ್ಚಿ, ಚರ್ಮ ಅದನ್ನು ಎಳೆದುಕೊಳ್ಳಲಿ ಎಂದು ನಾನು ಕೈಕಟ್ಟಿ ಕೂತರೆ ಮಾತ್ರ ಬಾಗಿಲಲ್ಲಿ ಇಣುಕಿದವರಿಗೆಲ್ಲ ಮೈ ಉರಿಯುತ್ತದೆ. "ಏನ್ರೀ, ಕೆಲ್ಸ ನಿಂತೈತಲ್ಲ, ಕರೆಂಟ್ ಹೋತೇನು?"

ಹೊನ್ನಾಳಿಯಲ್ಲಿ ಒಮ್ಮೆ ಎಣ್ಣೆ ಚರ್ಮದ ಹುಡುಗಿ ಸಿಕ್ಕಿದ್ದಳು. ಹೊಳೆ ದಂಡೆಯ ಬೇಸಿಗೆ, ಮೂಗಿನ ಮೇಲೆ ದೋಸೆ ಹುಯ್ಯಬಹುದಾದಷ್ಟು ಜಿಡ್ಡು. ಎಣ್ಣೆ ಚರ್ಮಕ್ಕೂ ನೀರಿನಂಶದ ತೆಳುವಾದ ಜೆಲ್ ಬೇಕೇ ಬೇಕು. ಬರಿ ಪೌಡರ್ ಒತ್ತಿದರೆ ಚರ್ಮ ಹಠಕ್ಕೆ ಬಿದ್ದವರ ಹಾಗೆ ಇನ್ನಷ್ಟು ಎಣ್ಣೆ ಕಕ್ಕುತ್ತದೆ. ಅವಳ ತಾಯಿ ಬಿಡಲಿಲ್ಲ. "ಮೊದ್ಲೇ ಮಖದಾಗೆ ಎಣ್ಣಿ ಸುರಿತೈತೆ, ಅದ್ರ ಮ್ಯಾಲೆ ಇನ್ನೊಂದು ಹಚ್ತೀನಿ ಅಂತೀರಲ್ಲ, ತಲಿ ಐತೇನ್ರೀ ನಿಮಗೆ?" ಎಂದು ಡಬ್ಬಿಯನ್ನೇ ಕಿತ್ತಿಟ್ಟುಕೊಂಡಳು. ಮೊದಲ ಪಂಕ್ತಿ ಊಟಕ್ಕೆ ಏಳುವಷ್ಟರಲ್ಲಿ ಹುಡುಗಿಯ ಹಣೆ ಬಿಸಿಲಿಗಿಟ್ಟ ಬೆಣ್ಣೆಯಾಗಿತ್ತು. ತಾಯಿ ನೆರೆದವರೆದುರು ನನ್ನತ್ತ ಬೊಟ್ಟು ಮಾಡಿ, "ಚನ್ನಗಿರಿಯೋರಂತೆ. ಏನ್ ಮಾಡಾಕೆ ಬರುತ್ತೋ ದೇವ್ರಿಗೇ ಗೊತ್ತು" ಎಂದಳು. ಡಬ್ಬಿಯನ್ನು ವಾಪಸು ಕೇಳುವ ಧೈರ್ಯವೂ ನನಗಾಗಲಿಲ್ಲ.

ಇಷ್ಟೆಲ್ಲ ಉಪದೇಶ ಮಾಡುವ ನನ್ನ ಮುಖ ಹೇಗಿದೆ ಎಂದು ಕೇಳಬೇಡಿ. ಹಣೆ ಬಾಣಲೆ, ಕೆನ್ನೆ ಹಪ್ಪಳ. ಕೈಗೆ ಸಿಕ್ಕ ಸೋಪಿನಿಂದ ತೊಳೆದು, ಸೆರಗಿನಿಂದ ಒರೆಸಿ, ಊರಿನ ಚರ್ಮದ ಚಿಂತೆ ಮಾಡಲು ಹೊರಡುತ್ತೇನೆ. ಚಿಂತೆಯೊಂದನ್ನು ಮಾತ್ರ ನಾನು ಯಾರಿಂದಲೂ ಕಲಿಯಬೇಕಾಗಲಿಲ್ಲ.

ಕಳೆದ ವರ್ಷ ಜಗಳೂರಿನ ಮದುವೆಯೊಂದನ್ನು ಒಪ್ಪಿಕೊಂಡಿದ್ದೆ. ಹುಡುಗಿ ಅಲ್ಲೇ ಹತ್ತಿರದ ಸೊಕ್ಕೆ ಎಂಬ ಊರಿನವಳು, ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ. ಗಂಡಿನ ಕಡೆಯವರು ನ್ಯಾಮತಿಯವರು. ಸಂಜೆ ಜಗಳೂರಿನ ಕಲ್ಯಾಣ ಮಂಟಪದಲ್ಲಿ ಆರತಕ್ಷತೆ, ಮರುದಿನ ಬೆಳಿಗ್ಗೆ ಮುಹೂರ್ತ. ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಪೆಟ್ಟಿಗೆ ಬಿಚ್ಚಿ ಎಲ್ಲ ಇದೆಯೇ ಎಂದು ನೋಡಿದೆ. ಜಗಳೂರಿನ ಬಸ್ಸು ಹತ್ತಿದ ಮೇಲೆ, ನೋಡುವಾಗಲೇ ಏನಾದರೂ ಹೊರಗುಳಿಯಿತೇನೋ ಎಂದು ಮತ್ತೆ ಬಿಚ್ಚಿದೆ. ಪಕ್ಕದಲ್ಲಿ ಕೂತಿದ್ದ ಅಜ್ಜ, "ಬಳಿ ಮಾರ್ತೀಯೇನವ್ವಾ?" ಎಂದು ಕೇಳಿದ. ಹೌದು ಅಂದೆ. ಮಾರಿದ್ದರೆ ಸುಖವಾಗಿರುತ್ತಿದ್ದೆ, ಬಳೆಗೆ ಅತ್ತೆಯರಿರುವುದಿಲ್ಲ.

ಮಂಟಪದ ಪಕ್ಕದ ಕೋಣೆಯಲ್ಲಿ ಹುಡುಗಿ ಆಗಷ್ಟೇ ಅರಿಶಿನ ಹಚ್ಚಿಸಿಕೊಂಡು ಕೂತಿದ್ದಳು. ಕಿಟಕಿಯ ಬೆಳಕಿಗೆ ಅವಳ ಮುಖ ತಿರುಗಿಸಿ ನೋಡಿದೆ. ಆ ಕಡೆಯ ಒಣ ಗಾಳಿಯ ಚರ್ಮ, ಕೆನ್ನೆಯ ಮೇಲೆ ಹಿಟ್ಟು ಉದುರಿದ ಹಾಗೆ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಮೂಗಿನ ಎರಡೂ ಬದಿ ಕೆಂಪಾಗಿ, ಪೊರೆ ಪೊರೆಯಾಗಿ ಎದ್ದಿತ್ತು.

"ಏನು ಹಚ್ಚಿದ್ರಿ ಇದಕ್ಕೆ?" ಎಂದೆ.

ಉತ್ತರ ಕೊಟ್ಟವಳು ಹುಡುಗಿಯಲ್ಲ, ಅವಳ ಅಣ್ಣನ ಹೆಂಡತಿ. ಕೊಟ್ಟದ್ದು ಹೆಮ್ಮೆಯಿಂದ. "ಮೆಡಿಕಲ್‌ನಾಗೆ ಒಂದು ಟ್ಯೂಬ್ ಸಿಗುತ್ತೆ ನೋಡ್ರಿ. ನಾನೇ ದಿನಾ ಹಚ್ತಿದ್ದೆ. ಬೆಳ್ಳಗಾಗ್ತಾರಂತೆ."

ಟ್ಯೂಬು ತರಿಸಿ ನೋಡಿದೆ. ಹುಳಕಡ್ಡಿಗೆ ಹಚ್ಚುವ ಮುಲಾಮು.

"ಹುಡುಗಿಗೆ ಹುಳಕಡ್ಡಿ ಆಗಿತ್ತೇನ್ರೀ?"

"ಥೂ, ಬಿಡ್ತು ಅನ್ರಿ! ಮದುವಿ ಮನ್ಯಾಗೆ ಎಂಥ ಮಾತಾಡ್ತೀರಿ!"

ಹುಳಕಡ್ಡಿ ಇತ್ತು ಎನ್ನುವುದು ಅಪಶಕುನ. ಇಲ್ಲದ ಹುಳಕಡ್ಡಿಗೆ ಮುಲಾಮು ಹಚ್ಚಿ ಮೂಗು ಸುಲಿಯುವುದು ಮಂಗಳಕಾರ್ಯ. ಟ್ಯೂಬನ್ನು ನನ್ನ ಪೆಟ್ಟಿಗೆಯೊಳಗೆ ಹಾಕಿಕೊಂಡು, ಮದುವೆಯ ಗಲಾಟೆ ಮುಗಿದ ಕೂಡಲೇ ಡಾಕ್ಟರಿಗೆ ತೋರಿಸು ಎಂದು ಹುಡುಗಿಗೆ ಹೇಳಿದೆ. ಅವಳು ತಲೆಯಾಡಿಸಿ, ಅತ್ತಿಗೆಯನ್ನು ಟೀ ತರಲು ಕಳಿಸಿದಳು. ಬಾಗಿಲು ಮುಂದೆ ಮಾಡಿ ಬಂದು ಕೂತು, ತನ್ನ ಸಂಕಟ ಹೇಳಿದಳು.

ನಿಶ್ಚಿತಾರ್ಥಕ್ಕೆ ನ್ಯಾಮತಿಯವರೇ ಯಾರೋ ಮೇಕಪ್ಪಿನವಳನ್ನು ಕರೆಸಿದ್ದರಂತೆ. ಅವಳು ಇವಳನ್ನು ಮೊಸರಿನ ಬಣ್ಣಕ್ಕೆ ತಂದು ಕೂರಿಸಿದ್ದಾಳೆ. ಕೆಲವು ವಾರಗಳ ಮೇಲೆ ಗಂಡಿನ ಸೋದರತ್ತೆ ಜಗಳೂರಿನ ಬಸ್ ನಿಲ್ದಾಣದಲ್ಲಿ ಎದುರಾಗಿ, ಇವಳನ್ನು ಗುರುತಿಸದೆ ದಾಟಿ ಹೋಗಿದ್ದಾಳೆ. ಇವಳೇ ಹಿಂದಿನಿಂದ ಹೋಗಿ ಮಾತಾಡಿಸಿದರೆ, ಮೇಲಿನಿಂದ ಕೆಳಗೆ ನೋಡಿ "ನೀನಾ?" ಎಂದಿದ್ದಾಳೆ. ಅಂದಿನಿಂದ ನ್ಯಾಮತಿಯಲ್ಲಿ ಅದೇ ಮಾತು: ತೋರಿಸಿದ ಹುಡುಗಿ ಬೇರೆ, ಕೊಡುವ ಹುಡುಗಿ ಬೇರೆ.

"ಸುರಗಿ ನೀರು ಬೀಳ್ಲಿ, ನಿಜವಾದ ಮಖ ಅವಾಗ ಹೊರಗೆ ಬರುತ್ತೆ ಅಂತ ಆ ಅತ್ತಿ ಎಲ್ರ ಮುಂದೂ ಹೇಳ್ಕಂಡು ತಿರುಗ್ತಾರಕ್ಕ" ಎಂದಳು ಹುಡುಗಿ.

ಸುರಗಿ ಎಂದರೆ ಮುಹೂರ್ತದ ಬೆಳಿಗ್ಗೆಯ ಶಾಸ್ತ್ರ. ನಾಲ್ಕು ಮೂಲೆಗೆ ಚೊಂಬಿಟ್ಟು ನೂಲು ಸುತ್ತಿ, ನಡುವೆ ಗಂಡು ಹೆಣ್ಣನ್ನು ಕೂರಿಸಿ, ಎರಡೂ ಕಡೆಯ ಹೆಂಗಸರು ತಲೆಯ ಮೇಲೆ ನೀರು ಹುಯ್ಯುತ್ತಾರೆ. ಹಿಂದಿನ ಸಂಜೆ ಮಾಡಿದ ಮೇಕಪ್ಪಿನ ಮಾನ ಹೋಗುವುದು ಅಲ್ಲೇ.

"ನಂಗೆ ಚಂದ ಕಾಣ್ಬೇಕು ಅಂತೇನಿಲ್ಲಕ್ಕ. ಇವತ್ತು ಸಂಜಿ ನೋಡಿದ ಮಖನೇ ನಾಳೆ ನೀರು ಬಿದ್ದ ಮ್ಯಾಲೂ ಇರ್ಬೇಕು. ಹಂಗ್ ಮಾಡಾಕೆ ಬರುತ್ತಾ?"

ಬರುತ್ತೆ ಎಂದುಬಿಟ್ಟೆ. ಅಂದ ಮೇಲೆ ಲೆಕ್ಕ ಹಾಕಿದೆ. ಎದ್ದ ಪೊರೆ ಮುಚ್ಚುವ ಸುಲಭದ ದಾರಿ ದಪ್ಪಗೆ ಮೆತ್ತುವುದು. ಮೆತ್ತಿದರೆ ಮತ್ತೆ ಅದೇ ಮೊಸರು. ತೆಳ್ಳಗೆ ಹಚ್ಚಿದರೆ ಬಣ್ಣ ಪೊರೆಗೆ ಕಚ್ಚಿಕೊಂಡು, ವೇದಿಕೆಯ ಲೈಟಿನಲ್ಲಿ ಹುಡುಗಿ ಸುಣ್ಣ ಕಿತ್ತ ಗೋಡೆಯಂತೆ ಕಾಣುತ್ತಾಳೆ. ಸಂಜೆಯೊಳಗೆ ಚರ್ಮ ಹದಕ್ಕೆ ಬಂದರೆ ಉಂಟು, ಇಲ್ಲವಾದರೆ ಇಲ್ಲ. 'ಗ್ಲೋ ಬೇಕು' ಎನ್ನುವ ಹುಡುಗಿಯರನ್ನು ಇಷ್ಟು ವರ್ಷ ಮನಸ್ಸಿನಲ್ಲೇ ಬೈದುಕೊಂಡವಳಿಗೆ ಅಂದು ಅಂಥವಳೊಬ್ಬಳು ಸಿಕ್ಕಿದ್ದರೆ ಸಾಕಿತ್ತು ಅನ್ನಿಸಿತು.

ಅರಿಶಿನವನ್ನು ನೊರೆಯಿಲ್ಲದ ಕ್ಲೆನ್ಸರಿನಿಂದ, ಹತ್ತಿಯಲ್ಲಿ ಮೆಲ್ಲಗೆ ತೆಗೆದೆ. ತಣ್ಣೀರಿನ ಬಟ್ಟೆ ಇಟ್ಟೆ. ನನ್ನ ಕ್ರೀಮನ್ನು ಮೊದಲು ದವಡೆಯ ಅಂಚಿಗೆ ಚೂರು ಹಚ್ಚಿ, ಉರಿಯುತ್ತದೆಯೇ ಎಂದು ಕೇಳಿದೆ. ಇಲ್ಲ ಎಂದಳು. ನಂಬಿಕೆ ಬಾರದೆ ಮತ್ತೆ ಕೇಳಿದೆ. "ಇಲ್ಲಕ್ಕ, ನಿಮಗೇ ಉರಿಯಂಗೆ ಕಾಣ್ತೈತೆ" ಎಂದು ನಕ್ಕಳು.

ತೆಳ್ಳಗೆ ಒಂದು ಪದರ ಹಚ್ಚಿ ಕಾದೆ. ಮುಖ ಬಿಗಿದಂತೆ ಕಂಡಾಗ ಇನ್ನೊಂದು. ಮೂಗಿನ ಬದಿಗೆ ವ್ಯಾಸಲೀನ್ ತಟ್ಟಿ ಹಾಗೇ ಬಿಟ್ಟೆ. ಅಷ್ಟರಲ್ಲಿ ಟೀ ಹಿಡಿದು ಬಂದ ಅತ್ತಿಗೆಯ ಇನ್ನೊಂದು ಕೈಯಲ್ಲಿ ಕಡ್ಲೆಹಿಟ್ಟಿನ ಬಟ್ಟಲು.

"ಸಿಪ್ಪಿ ಎದ್ದೈತಲ್ರಿ, ಇದು ಹಾಕಿ ಗಸಗಸ ತಿಕ್ಕಿದ್ರೆ ಒಂದೇ ಸಲಕ್ಕೆ ಹೋಗುತ್ತೆ."

"ಆಲೂಗಡ್ಡೆ ಅಲ್ಲಮ್ಮ ಅದು, ಮುಖ."

"ನಾವೇನು ಮಖ ಕಂಡಿಲ್ವಾ? ನಮ್ಮ ಮದುವ್ಯಾಗೂ ತಿಕ್ಕಿದ್ರು."

ಫಲಿತಾಂಶ ಎದುರಿಗೇ ಇತ್ತು. ಹುಡುಗಿಯೇ, "ಅತ್ತಿಗಿ, ಅದ್ರಾಗೆ ಬಜಿ ಕರೀರಿ, ಅಕ್ಕಂಗೆ ಹಸಿವಾಗಿರ್ಬೇಕು" ಎಂದು ಬಟ್ಟಲನ್ನು ವಾಪಸು ಕಳಿಸಿದಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಪೊರೆ ಮೆತ್ತಗಾಗಿ ಮಲಗಿತ್ತು. ಮಿಕ್ಕ ಜಿಡ್ಡನ್ನು ಟಿಶ್ಯೂವಿನಲ್ಲಿ ಒತ್ತಿ ತೆಗೆದು, ಅವಳ ಕತ್ತಿನ ಬಣ್ಣಕ್ಕೆ ಸರಿಯಾಗಿ ಫೌಂಡೇಷನ್ ಕಲಸಿ, ಕೆಂಪಿದ್ದಲ್ಲಿ ಮಾತ್ರ ಬೆರಳಿನಿಂದ ಒತ್ತಿದೆ. ಉಳಿದ ಕಡೆ ಅವಳ ಚರ್ಮವೇ. ಕಣ್ಣಿಗೆ ಕಾಡಿಗೆ, ತುಟಿಗೆ ಬಣ್ಣ. ಪೌಡರಿನ ಡಬ್ಬಿಯನ್ನು ಮುಟ್ಟಲೇ ಇಲ್ಲ. ಕನ್ನಡಿಯಲ್ಲಿ ಕೂತಿದ್ದವಳು ಅದೇ ಸೊಕ್ಕೆಯ ಮೇಡಂ, ಚೆನ್ನಾಗಿ ನಿದ್ದೆ ಮಾಡಿ ಎದ್ದ ಹಾಗಿದ್ದಳು.

ಅದನ್ನು ಮೊದಲು ಖಂಡಿಸಿದವನು ಫೋಟೋದವನು. "ಮೇಡಂ, ಲೈಟಿಗೆ ಡಲ್ ಹೊಡಿತೈತೆ. ಇನ್ನೆರಡು ಕೋಟ್ ಹೊಡೀರಿ." ಅವನ ಬಾಯಲ್ಲಿ ಎಲ್ಲ ಮುಖಗಳೂ ಕಿಟಕಿ ಬಾಗಿಲುಗಳೇ. ಆಗುವುದಿಲ್ಲ ಎಂದೆ. "ಬಿಡ್ರಿ, ಆಲ್ಬಂನಾಗೆ ನಾನೇ ಬೆಳ್ಳಗೆ ಮಾಡ್ಕಂತೀನಿ" ಎಂದು ಉದಾರವಾಗಿ ಕ್ಷಮಿಸಿದ.

ವೇದಿಕೆಯ ಪಕ್ಕದಲ್ಲಿ ಪೆಟ್ಟಿಗೆ ಹಿಡಿದು ನಿಂತು, ಇದ್ದಬದ್ದ ಕೇಡನ್ನೆಲ್ಲ ನಾನು ಮನಸ್ಸಿನಲ್ಲಿ ಮುಂಚಿತವಾಗಿ ಅನುಭವಿಸುತ್ತಿದ್ದೆ. ಫ್ಯಾನಿನ ಗಾಳಿಗೆ ಮುಖ ಒಣಗಿದರೆ? ಮೂಗಿನ ಬದಿ ಮತ್ತೆ ಎದ್ದರೆ? ಗಂಡಿನ ಕಡೆಯ ಸಾಲು ಮೆಟ್ಟಿಲು ಹತ್ತಿತು. ಎಲ್ಲರ ಮುಂದೆ ಹೆಜ್ಜೆಗೊಮ್ಮೆ ಸೆರಗು ಸರಿಮಾಡಿಕೊಳ್ಳುತ್ತ ಒಬ್ಬ ಹೆಂಗಸು. ಹುಡುಗಿಯ ಬೆನ್ನು ನೆಟ್ಟಗಾದ ರೀತಿಗೇ ನನಗೆ ತಿಳಿಯಿತು, ಇವಳೇ ಆ ಸೋದರತ್ತೆ. ನಾಳೆಯ ನೀರಿನ ತನಕ ಕಾಯುವ ತಾಳ್ಮೆ ಆಕೆಗಿರಲಿಲ್ಲ.

"ಎಷ್ಟು ಬೆವತಿದಿಯೇ ನಮ್ಮವ್ವಾ!" ಎಂದಳು. ತನ್ನ ಹಾಲುಬಣ್ಣದ ರೇಷ್ಮೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಹುಡುಗಿಯ ಕೆನ್ನೆಯನ್ನು ಮೂಗಿನ ಬದಿಯವರೆಗೂ ಪಾತ್ರೆಯ ತಳ ತಿಕ್ಕುವಂತೆ ತಿಕ್ಕಿದಳು. ಆಮೇಲೆ ಕೆನ್ನೆಯನ್ನು ನೋಡಲಿಲ್ಲ, ಸೆರಗನ್ನು ನೋಡಿದಳು. ತಿರುಗಿಸಿ, ಲೈಟಿಗೆ ಹಿಡಿದು, ಇನ್ನೊಮ್ಮೆ ನೋಡಿದಳು. ಹಿಂದಿದ್ದ ಸಾಲೂ ಕತ್ತು ಚಾಚಿ ನೋಡಿತು. ಉಡುಗೊರೆ ಕೊಡಲು ಬಂದವರಿಗೆಲ್ಲ ಆ ಕ್ಷಣ ಸೆರಗೇ ಮದುಮಗಳಾಗಿತ್ತು.

ಹುಡುಗಿ ಇನ್ನೊಂದು ಕೆನ್ನೆಯನ್ನು ಆಕೆಯತ್ತ ತಿರುಗಿಸಿದಳು.

"ಈ ಕಡಿಗೂ ಒರ್ಸ್ರಿ ಅತ್ತಿ. ನಾಳಿ ತನಕ ಯಾಕೆ ಕಾಯ್ತೀರಿ?"

ಅಷ್ಟೊತ್ತೂ ಗೊಂಬೆಯಂತೆ ನಿಂತಿದ್ದ ಗಂಡು ಫಕ್ಕನೆ ನಕ್ಕುಬಿಟ್ಟ. ಸಾಲಿನಲ್ಲೂ ಯಾರೋ ಕಿಸಕ್ಕೆಂದರು. ಸೋದರತ್ತೆ ಸೆರಗು ಕೊಡವಿ, "ಎಣ್ಣಿ ಎಣ್ಣಿ ಐತೆ ಮಖ, ಯಾರ್ ಮಾಡಿದ್ರೋ ಏನೋ" ಎಂದು ನನ್ನನ್ನೇ ದಿಟ್ಟಿಸುತ್ತ ಇಳಿದುಹೋದಳು.

ನನಗೆ ಹೆಮ್ಮೆಯಾಗಬೇಕಿತ್ತು. ಆಗುತ್ತಲೂ ಇತ್ತು, ಆ ಕೆನ್ನೆ ಕಣ್ಣಿಗೆ ಬೀಳುವವರೆಗೆ. ತಿಕ್ಕಿದ ಜಾಗ ಕೆಂಪಾಗಿ, ಮಲಗಿದ್ದ ಪೊರೆ ಮತ್ತೆ ತಲೆಯೆತ್ತಿತ್ತು. ಪೆಟ್ಟಿಗೆ ಹೊತ್ತು ವೇದಿಕೆ ಹತ್ತಿದೆ. ಫೋಟೋದವನು "ಫ್ರೇಮ್‌ನಿಂದ ಆಚೆ ಹೋಗ್ರೀ ಮೇಡಂ!" ಎಂದು ಕೂಗಿದ. ಕವರು ಹಿಡಿದು ನಿಂತವರು ಗೊಣಗಿದರು. ನಾನು ಅವರೆಲ್ಲರಿಗೂ ಬೆನ್ನು ಹಾಕಿ ನಿಂತು, ಬೆರಳ ತುದಿಯಲ್ಲಿ ಕ್ರೀಮು ತೆಗೆದು ಮೆಲ್ಲಗೆ ತಟ್ಟತೊಡಗಿದೆ.

ಹುಡುಗಿ ತುಟಿ ಅಲ್ಲಾಡಿಸದೆ ಕೇಳಿದಳು, "ಬಂತಾ ಅಕ್ಕ ಸೆರಗಿಗೆ?"

"ಒಂಚೂರು ಬಂತು."

"ಯಾವ ಬಣ್ಣ?"

"ನಿಂದೇ."

ಅವಳು ಉಸಿರು ಬಿಟ್ಟಳು. ನನ್ನ ಭುಜದ ಮೇಲಿಂದ ಕತ್ತು ಚಾಚಿ, ಕಾಯುತ್ತಿದ್ದ ಸಾಲಿಗೆ, "ಬರ್ರಿ, ಬರ್ರಿ, ನಿಂತೇ ಇದೀರಲ್ಲ" ಎಂದಳು.