ಖಾಡಿಗೆ ಕ್ಲೋರಿನ್ ಸುರಿಯುವ ಮುನ್ನ

ಎರಡು ವರ್ಷದ ಹಿಂದಿನ ಮಾತು. ಈಗಿನಂತೆ ಆಗಲೂ ನಾನು ಅಹಮದಾಬಾದಿನ ನವರಂಗಪುರದ ಒಂದು ಸಣ್ಣ ಜೀವವೈವಿಧ್ಯ ಮಾಹಿತಿ ಕೇಂದ್ರದಲ್ಲಿ ದತ್ತಾಂಶ ಪರಿಶೀಲಕಿಯಾಗಿದ್ದೆ. ಗುಜರಾತಿನ ಕರಾವಳಿಯಲ್ಲಿ ಹೊರದೇಶದ ಜೀವಿ ಕಾಣಿಸಿಕೊಂಡಿತೆಂದು ಯಾರಾದರೂ ಹೇಳಿದರೆ, ಆ ವರದಿ ನಂಬುವಂಥದ್ದೇ ಎಂದು ನೋಡಿ ಅಂತರರಾಷ್ಟ್ರೀಯ ಮಾಹಿತಿ ಜಾಲಕ್ಕೆ ಸೇರಿಸಬೇಕು. ಅದೇ ಜೀವಿಯ ಜೊತೆ ಬೇರೆ ದೇಶದವರು ಹೇಗೆ ಏಗಿದರು ಎಂಬುದನ್ನು ಅಲ್ಲಿಂದ ಹೆಕ್ಕಿ ಇಲ್ಲಿಯವರಿಗೆ ಕೊಡಬೇಕು. ಕಾಲೇಜಿನ ದಿನಗಳನ್ನೆಲ್ಲ ಚರ್ಚಾಸ್ಪರ್ಧೆಗಳಲ್ಲಿ ಕಳೆದವಳಿಗೆ ಹೇಳಿಮಾಡಿಸಿದ ಕೆಲಸ. ಅನುಮಾನಪಡುವುದಕ್ಕೆ ಸಂಬಳ ಕೊಡುವ ಕಚೇರಿ ಇನ್ನೆಲ್ಲಿ ಸಿಗುತ್ತದೆ ಹೇಳಿ? ಆದರೂ ‘ಅಂತರರಾಷ್ಟ್ರೀಯ ವೈಜ್ಞಾನಿಕ ಸಹಕಾರ’ ಎಂಬ ಮಾತು ಕಿವಿಗೆ ಬಿದ್ದಾಗ ನನಗೆ ಮೊದಲು ನೆನಪಾಗುತ್ತಿದ್ದದ್ದು ಸಮ್ಮೇಳನಗಳ ಊಟದ ಕೂಪನ್ನು.

ಮಳೆಗಾಲ ಮುಗಿದಿತ್ತು. ಒಂದು ಸೋಮವಾರ ವಡೋದರಾದಿಂದ ಡಾ. ವಸಂತಿ ನಾಯಕ್ ಫೋನ್ ಮಾಡಿದರು. ಕುಮಟಾ ಕಡೆಯವರು, ವಡೋದರಾದ ಪ್ರಯೋಗಾಲಯವೊಂದರಲ್ಲಿ ಸಮುದ್ರಜೀವಿಗಳ ಡಿಎನ್‌ಎ ಪರೀಕ್ಷೆ ನಡೆಸುತ್ತಾರೆ. ನಾನು ಧಾರವಾಡದ ಬ್ಯಾಂಕ್ ನೌಕರರ ಮಗಳು, ಅಹಮದಾಬಾದಿನ ಮಣಿನಗರದಲ್ಲಿ ಬೆಳೆದವಳು. ಕೆಲಸದ ವಿಷಯಕ್ಕೆ ಕನ್ನಡದಲ್ಲಿ ಜಗಳವಾಡಲು ನನಗಿದ್ದವರು ಅವರೊಬ್ಬರೇ.

“ಪಲ್ಲವಿ, ಕೆಲಸ ಕೆಟ್ಟಿತು ಮಾರಾಯ್ತಿ. ಹಜೀರಾದಿಂದ ಬಂದ ಚಿಪ್ಪು ಅದೇ.”

‘ಅದೇ’ ಅಂದರೆ ದಕ್ಷಿಣ ಅಮೆರಿಕ ಮೂಲದ ಒಂದು ಕಪ್ಪು ಮಸೆಲ್. ನಮ್ಮ ಕರಾವಳಿಯವರು ಪಚ್ಚಿಲೆ ಎನ್ನುವ ಚಿಪ್ಪಿನ ದೂರದ ಬಂಧು, ಬೆರಳಿನಷ್ಟು ಗಾತ್ರ. ಹಡಗಿನ ತಳಕ್ಕೆ ಕಚ್ಚಿಕೊಂಡು ದೇಶ ಸುತ್ತುತ್ತದೆ. ನೆಲೆ ಸಿಕ್ಕರೆ ಕೆಸರನ್ನು ಚಾಪೆಯಂತೆ ಮುಚ್ಚಿ, ಅಲ್ಲಿದ್ದ ಜೀವಿಗಳನ್ನೆಲ್ಲ ಒಕ್ಕಲೆಬ್ಬಿಸುತ್ತದೆ. ಸೂರತ್ ಪಕ್ಕದ ಹಜೀರಾದ ಒಂದು ಖಾಡಿಯಲ್ಲಿ, ಅಂದರೆ ಸಮುದ್ರದ ನೀರು ಒಳನುಗ್ಗುವ ಸಣ್ಣ ಕೊಲ್ಲಿಯಲ್ಲಿ, ಗುತ್ತಿಗೆದಾರನೊಬ್ಬ ಹೊರದೇಶದಿಂದ ತಂದು ನಿಲ್ಲಿಸಿದ್ದ ಬಾರ್ಜ್ ಇತ್ತು. ಚಿಪ್ಪು ಆ ಚಪ್ಪಟೆ ಸರಕುದೋಣಿಯ ತಳದಲ್ಲೂ ಪಕ್ಕದ ಜೆಟ್ಟಿಯ ಎರಡು ಕಂಬಗಳಲ್ಲೂ ಸಿಕ್ಕಿತ್ತು.

ಬುಧವಾರದ ಹೊತ್ತಿಗೆ ಸೂರತ್‌ನಲ್ಲಿ ತುರ್ತು ಸಮಿತಿಯೊಂದು ಸಿದ್ಧವಾಯಿತು. ಯೋಜನೆ ಸರಳ: ಖಾಡಿಯ ಬಾಯಿಗೆ ತಾತ್ಕಾಲಿಕ ಒಡ್ಡು ಹಾಕಿ, ಕ್ಲೋರಿನ್ ಸುರಿದು, ಒಳಗಿರುವುದನ್ನೆಲ್ಲ ಕೊಲ್ಲುವುದು. ಶನಿವಾರವೇ ಆಗಬೇಕು. ಅದಾದ ಮೇಲೆ ಅಮಾವಾಸ್ಯೆಯ ದೊಡ್ಡ ಉಬ್ಬರ ಬರುತ್ತದೆ. ಒಡ್ಡು ನಿಲ್ಲುವುದಿಲ್ಲ, ಚಿಪ್ಪಿನ ಮರಿಗಳು ಖಂಭಾತ್ ಕೊಲ್ಲಿಗೆ ತೇಲಿಹೋಗುತ್ತವೆ. ಯೋಜನೆಗೆ ಆಧಾರ ನಮ್ಮದೇ ಜಾಲದ ಒಂದು ದಾಖಲೆ: ಆಗ್ನೇಯ ಏಷ್ಯಾದ ಒಂದು ಬಂದರಿನಲ್ಲಿ ಇದೇ ಚಿಪ್ಪಿಗೆ ಇದೇ ಉಪಚಾರ, ಫಲಿತಾಂಶ ‘ಸಂಪೂರ್ಣ ನಿರ್ಮೂಲನೆ’.

ಅಂದು ವಸಂತಿ ಮೇಡಂ ಜೊತೆ ಖಾಡಿಗೆ ಹೋದೆ. ಇಳಿತದ ಹೊತ್ತು. ಮೊಣಕಾಲುದ್ದದ ಕೆಸರಿನಲ್ಲಿ ಹೆಂಗಸರು ಲೆವ್ಟಾ ಹಿಡಿಯುತ್ತಿದ್ದರು. ಕೆಸರಿನ ಮೇಲೆ ಕಪ್ಪೆಯಂತೆ ಕುಪ್ಪಳಿಸುವ ಈ ಮೀನೇ ಆ ಊರಿನ ಹೊಟ್ಟೆಪಾಡು. ಅವರಲ್ಲಿ ಹಿರಿಯಳಾದ ಜಶುಬೆನ್ ದಡಕ್ಕೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಔಷಧಿ ಹಾಕ್ತೀರಂತೆ. ಲೆವ್ಟಾ ಮತ್ತೆ ಯಾವಾಗ ಬರುತ್ತೆ, ಬೆನ್?” ಎಂದು ಅಕ್ಕನನ್ನು ಕರೆದಂತೆ ಕೇಳಿದಳು.

“ಗೊತ್ತಿಲ್ಲ” ಎಂದರು ಮೇಡಂ.

“ಆ ಕರಿ ಚಿಪ್ಪನ್ನ ತಿನ್ನಬಹುದಾ?”

“ಬೇಡ. ಇಲ್ಲಿನ ನೀರಲ್ಲಿ ಬೆಳೆದದ್ದು, ಹೊಟ್ಟೆ ಕೆಡುತ್ತೆ.”

“ಚೆನ್ನಾಗಿದೆ! ಹೆದರಿಕೆ ನಿಮ್ಮದು, ಸಾಯೋದು ನಮ್ಮ ಮೀನು.”

ವಡೋದರಾಕ್ಕೆ ಮರಳುವ ರೈಲಿನಲ್ಲಿ ಲ್ಯಾಪ್‌ಟಾಪ್ ತೆರೆದು ಆ ‘ಸಂಪೂರ್ಣ ನಿರ್ಮೂಲನೆ’ಯನ್ನು ಮತ್ತೊಮ್ಮೆ ಓದಿದೆ. ಚರ್ಚೆಯಲ್ಲಿ ಎದುರಾಳಿ ಸಾಕ್ಷಿ ತಂದರೆ ನಾವು ಮೊದಲು ಕೇಳುವುದು ಒಂದೇ ಪ್ರಶ್ನೆ: ನೀನು ಕೊನೆಯ ಸಲ ಕಣ್ಣಾರೆ ನೋಡಿದ್ದು ಯಾವಾಗ? ಈ ದಾಖಲೆಯಲ್ಲಿ ಕೊನೆಯ ಸಮೀಕ್ಷೆ ನಡೆದದ್ದು ಕ್ಲೋರಿನ್ ಸುರಿದ ತಿಂಗಳಲ್ಲೇ. ಆಮೇಲೆ ಏನೂ ಇಲ್ಲ.

“ಅಲ್ರೀ ಮೇಡಂ, ಆಮ್ಯಾಲೆ ಯಾರು ನೋಡ್ಯಾರ್ರೀ? ಚಿಪ್ಪು ಇಲ್ಲ ಅಂತ ಬರದಾರೋ, ಹುಡುಕಲಿಲ್ಲ ಅಂತ ಬರದಾರೋ?”

ಮೇಡಂ ರೇಗಿದರು. “ಇದು ನಿನ್ನ ಚರ್ಚಾಸ್ಪರ್ಧೆ ಅಲ್ಲ. ಅಲ್ಲಿ ಸೋತರೆ ಒಂದು ಕಪ್ ಹೋಗ್ತದೆ. ಇಲ್ಲಿ ಸೋತರೆ ಇಡೀ ಕೊಲ್ಲಿ ಹೋಗ್ತದೆ. ಶನಿವಾರ ತಪ್ಪಿದ್ರೆ ಎಂತ ಮಾಡೂದು, ಅದನ್ನು ಹೇಳು.”

ನಾನು ದಾಖಲೆಯನ್ನು ಕೊನೆಯ ಸಾಲಿನವರೆಗೂ ಇಳಿಸಿದೆ.

ದಾಖಲೆಯ ಕೆಳಗೆ ಅದನ್ನು ಸಲ್ಲಿಸಿದ ವಿಜ್ಞಾನಿಯ ವಿಳಾಸ ಇತ್ತು: ಡಾ. ಲಿಮ್. ಗುರುವಾರ ಬೆಳಿಗ್ಗೆ ಮೇಡಂ ಪ್ರಯೋಗಾಲಯದಿಂದಲೇ ಅವರಿಗೆ ವಿಡಿಯೊ ಕರೆ ಮಾಡಿದೆವು. ಕೂದಲು ನರೆತ, ಮೆಲುದನಿಯ ಹೆಂಗಸು. ನನ್ನ ಪ್ರಶ್ನೆ ಕೇಳಿ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

“ನೀವೇ ಮೊದಲು” ಎಂದರು.

“ಯಾವುದರಲ್ಲಿ?”

“ಇದನ್ನು ಕೇಳಿದವರಲ್ಲಿ.”

ಆಮೇಲೆ ಹೇಳಿದರು. ಕ್ಲೋರಿನ್ ಬಿದ್ದ ಕೂಡಲೇ ಚಿಪ್ಪುಗಳು ಬಾಯಿ ಮುಚ್ಚಿಕೊಂಡು ದಿನಗಟ್ಟಲೆ ಹಾಗೇ ಕೂತವು. ಮುಚ್ಚಿಕೊಳ್ಳಲು ಚಿಪ್ಪಿಲ್ಲದ ಮೀನು, ಸಿಗಡಿ, ಹುಳ ಎಲ್ಲ ಸತ್ತವು. ಜೆಟ್ಟಿಯ ಕಂಬಗಳ ಮೇಲಿನವು ಕೊನೆಗೆ ಸತ್ತವು, ಸಮೀಕ್ಷೆ ನಡೆದದ್ದೂ ಅಲ್ಲಿ ಮಾತ್ರ. ದೋಣಿಗಳ ತಳದಲ್ಲಿ ಉಳಿದವನ್ನು ಯಾರೂ ನೋಡಲಿಲ್ಲ. ಯೋಜನೆ ಮುಗಿಯಿತು, ಲಿಮ್ ಅವರೇ ‘ನಿರ್ಮೂಲನೆ’ ಎಂದು ಬರೆದರು. ಖಾಲಿಯಾದ ಕೆಸರಿಗೆ ಮುಂದಿನ ವರ್ಷ ಅದೇ ಚಿಪ್ಪು ಮೊದಲಿಗಿಂತ ದಟ್ಟವಾಗಿ ಬಂತು. ಅಲ್ಲಿನ ಇಲಾಖೆ ಅದನ್ನು ಹೊರಗೆ ಹೇಳಲಿಲ್ಲ.

“ಇದನ್ನು ಬರೆದುಕೊಡಿ, ಡಾ. ಲಿಮ್.”

“ಬರೆಯಲು ಅನುಮತಿ ಬೇಕು. ತಿಂಗಳುಗಳು ಹಿಡಿಯುತ್ತವೆ.”

“ಹಾಗಾದರೆ ನಾಳೆ ನಮ್ಮ ಸಮಿತಿಯ ಮುಂದೆ ಬಾಯಲ್ಲಿ ಹೇಳಿ.”

“ಹೇಳಿದರೆ ನನ್ನ ಕೆಲಸ ಹೋಗಬಹುದು. ಯೋಚಿಸುತ್ತೇನೆ” ಎಂದು ಕರೆ ಕಡಿದರು.

ಶುಕ್ರವಾರ ಸೂರತ್. ಸಭೆಯ ಅಧ್ಯಕ್ಷರು ದೇಸಾಯಿ ಸಾಹೇಬರು, ಮಾತು ಕಡಿಮೆ, ಗಡಿಯಾರ ನೋಡುವುದು ಜಾಸ್ತಿ. ಕ್ಲೋರಿನ್ ಟ್ಯಾಂಕರುಗಳು ಆಗಲೇ ಖಾಡಿಯ ದಡದಲ್ಲಿದ್ದವು. ನಾನು ಎದ್ದು ನಿಂತು ವಿಷಯ ಹೇಳಿದೆ.

“ವರದಿ ಎಲ್ಲಿ?”

“ಬರೆದದ್ದಿಲ್ಲ, ಸರ್.”

“ಹೇಳಿದವರು ಎಲ್ಲಿ?”

ಗೋಡೆಯ ಪರದೆಯ ಕಡೆ ನೋಡಿದೆ. ಲಿಂಕ್ ಕಳಿಸಿ ಗಂಟೆಯಾಗಿತ್ತು. ಪರದೆಯಲ್ಲಿ ನಮ್ಮದೇ ಮುಖಗಳು. ಬರೆಯದ ವರದಿ, ಎದುರಿಗೆ ಬಾರದ ಸಾಕ್ಷಿ. ಎದುರಾಳಿ ಇಂಥದ್ದನ್ನು ಇಟ್ಟುಕೊಂಡು ಬಂದಿದ್ದರೆ ಎರಡೇ ವಾಕ್ಯದಲ್ಲಿ ಮುಗಿಸಿಬಿಡುತ್ತಿದ್ದೆ. ಅದೂ ಇದೂ ಎಳೆದು ಮಾತು ಉದ್ದ ಮಾಡಿದೆ. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು.

“ನಿಮ್ಮ ಅನುಮಾನ ದಾಖಲಿಸಿಕೊಳ್ಳುತ್ತೇವೆ. ನಾಳೆ ಬೆಳಿಗ್ಗೆ...”

“ಕ್ಷಮಿಸಿ, ತಡವಾಯಿತು” ಎಂದಿತು ಪರದೆ. ಡಾ. ಲಿಮ್. ಕಚೇರಿಯಲ್ಲಿ ಅಲ್ಲ, ಯಾವುದೋ ಬೀದಿಯಲ್ಲಿ ನಿಲ್ಲಿಸಿದ ಕಾರಿನೊಳಗೆ ಕೂತಿದ್ದರು. ತಮ್ಮ ಹೆಸರು, ಹುದ್ದೆ ಹೇಳಿ, “ನಿಮ್ಮ ಮುಂದಿರುವ ದಾಖಲೆ ನಾನು ಬರೆದದ್ದು, ಅದು ತಪ್ಪು” ಎಂದರು. ನನಗೆ ಹೇಳಿದ್ದನ್ನೆಲ್ಲ ಇನ್ನೂ ಸಣ್ಣ ವಾಕ್ಯಗಳಲ್ಲಿ ಹೇಳಿ ಮುಗಿಸಿದರು.

ಗೆದ್ದೆ ಅಂದುಕೊಂಡೆ. ದೇಸಾಯಿ ಸಾಹೇಬರು ನನ್ನ ಕಡೆ ತಿರುಗಿದರು. “ಸರಿ. ಕ್ಲೋರಿನ್ ಬೇಡ. ಹಾಗಾದರೆ ಏನು ಬೇಕು? ಉಬ್ಬರ ನಿಮ್ಮ ವಾದ ಕೇಳುತ್ತಾ ನಿಲ್ಲುವುದಿಲ್ಲ.”

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಅಷ್ಟು ಹೊತ್ತೂ ತಲೆ ತಗ್ಗಿಸಿ ಗೀಚುತ್ತಿದ್ದ ವಸಂತಿ ಮೇಡಂ ತಲೆಯೆತ್ತಿದರು.

“ಡಾ. ಲಿಮ್, ಚಿಪ್ಪು ಒಣಗಿದರೆ ಸಾಯುತ್ತದಲ್ಲ?”

“ಕೆಲವು ದಿನ ಬಿಸಿಲು ಸಿಕ್ಕರೆ ಸಾಯುತ್ತದೆ. ದೊಡ್ಡವು ಎಲ್ಲಿವೆ, ಬಾರ್ಜ್‌ನಲ್ಲೇ?”

“ಬಹುಪಾಲು ಅಲ್ಲೇ.”

“ಹಾಗಿದ್ದರೆ ನಿಮಗೆ ಅವಕಾಶ ಇದೆ. ನಮಗೆ ಇರಲಿಲ್ಲ, ನಮ್ಮಲ್ಲಿ ನೀರು ಅಷ್ಟು ಇಳಿಯುವುದಿಲ್ಲ. ಆದರೆ ಬಾರ್ಜಿನ ಒಳಗೆ ನೀರೆಳೆಯುವ ಕೊಳವೆ ಬಿಚ್ಚಿ ನೋಡಿ. ಅದನ್ನು ಕಟ್ಟಿದ ಹಗ್ಗ ನೋಡಿ, ಅಲ್ಲೂ ಕಚ್ಚಿಕೊಂಡಿರುತ್ತವೆ. ನಾವು ಹಗ್ಗ ಮರೆತೆವು.”

ಖಂಭಾತ್ ಕೊಲ್ಲಿಯಷ್ಟು ಏರಿಳಿಯುವ ನೀರು ದೇಶದಲ್ಲೇ ಇನ್ನೆಲ್ಲೂ ಇಲ್ಲ. ಅಮಾವಾಸ್ಯೆಯ ಉಬ್ಬರದ ಮೇಲೆ ಬಾರ್ಜನ್ನು ಎಳೆದು ದಡದ ಎತ್ತರಕ್ಕೆ ಕೂರಿಸಿದರೆ, ನೀರು ಇಳಿದ ಮೇಲೆ ಮುಂದಿನ ದೊಡ್ಡ ಉಬ್ಬರದವರೆಗೂ ಅದು ಒಣನೆಲದಲ್ಲಿರುತ್ತದೆ. ಯಾವುದಕ್ಕೆ ಹೆದರಿ ಶನಿವಾರದ ಗಡುವು ಹಾಕಿಕೊಂಡಿದ್ದೆವೋ ಅದೇ ಉಬ್ಬರವನ್ನು ಕೆಲಸಕ್ಕೆ ಹಚ್ಚುವುದು ಮೇಡಂ ಗೀಚಿದ ಲೆಕ್ಕ. ಬಾರ್ಜ್ ದಡ ಹತ್ತುವವರೆಗೆ ಚಿಪ್ಪು ಮರಿ ಬಿಡುವ ಅಪಾಯ ಇದ್ದೇ ಇತ್ತು. ಅದನ್ನು ಮೇಡಂ ಮುಚ್ಚಿಡಲಿಲ್ಲ.

“ನಾಳೆ ಇದು ಕೊಲ್ಲಿಗೆ ಹರಡಿದರೆ ಹೊಣೆ ಯಾರು?” ಎಂದರು ಸಾಹೇಬರು.

“ನಾನು” ಎಂದರು ಮೇಡಂ.

‘ನಾನೂ’ ಎನ್ನಬೇಕಿತ್ತು. ಬಾಯಿ ತೆರೆಯುವಷ್ಟರಲ್ಲಿ ಸಾಹೇಬರು ಟ್ಯಾಂಕರುಗಳನ್ನು ವಾಪಸು ಕಳಿಸಲು ಫೋನ್ ಮಾಡಿಯಾಗಿತ್ತು.

ಬಾರ್ಜ್ ಎಳೆದ ಮೊದಲ ಉಬ್ಬರದಲ್ಲಿ ಒಂದು ಹಗ್ಗ ಹರಿಯಿತು. ಎರಡನೆಯದರಲ್ಲಿ ಬಾರ್ಜ್ ದಡ ಹತ್ತಿತು. ಜೆಟ್ಟಿಯ ಕಂಬಗಳನ್ನು, ಅಲ್ಲಿನ ಚಿಪ್ಪು ಉಸಿರುಗಟ್ಟಿ ಸಾಯಲೆಂದು, ಮುಳುಗುಗಾರರು ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ ಕಟ್ಟಿದರು. ಬಿಸಿಲಿಗೆ ಚಿಪ್ಪುಗಳು ಬಾಯಿ ಬಿಟ್ಟವು, ಜಶುಬೆನ್ ಊರಿನವರು ಉಳಿಯಿಂದ ಕೆರೆದು ಗುಡ್ಡೆ ಹಾಕಿದರು. “ಏನು ವಾಸನೆ ತಾಯಿ! ನಿಮ್ಮ ಸಾಹೇಬನನ್ನೂ ಕರೀರಿ, ಮೂಸಲಿ” ಎಂದು ಆಕೆ ಮೂಗಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ನೀರೆಳೆಯುವ ಕೊಳವೆ ಬಿಚ್ಚಿದಾಗ ಒಳಗೆ ಬೆರಳು ತೂರಿಸಲೂ ಜಾಗವಿರಲಿಲ್ಲ, ಅಷ್ಟು ಚಿಪ್ಪು. ಲಿಮ್ ಹೇಳದಿದ್ದರೆ ಅದನ್ನು ನಾವು ಬಿಚ್ಚುತ್ತಿರಲಿಲ್ಲ.

ಆಮೇಲೆ ಖಾಡಿಯುದ್ದಕ್ಕೂ ನೀರಿನಲ್ಲಿ ಫಲಕಗಳನ್ನು ಇಳಿಬಿಟ್ಟೆವು. ಮರಿಗಳು ಉಳಿದಿದ್ದರೆ ಅವುಗಳ ಮೇಲೆ ಬಂದು ಕೂರುತ್ತವೆ. ಪ್ರತಿ ತಿಂಗಳೂ ಎತ್ತಿ ನೋಡುತ್ತೇವೆ. ಮೊದಲ ಕೆಲವು ತಿಂಗಳು ಏನೂ ಸಿಗದಿದ್ದಾಗ, ‘ನಿಯಂತ್ರಣ ಯಶಸ್ವಿ’ ಎಂದು ಜಾಲಕ್ಕೆ ಬರೆದುಬಿಡಿ ಎಂಬ ಸೂಚನೆ ಸೂರತ್‌ನಿಂದ ಬಂತು. ಎಷ್ಟು ಫಲಕ ನೋಡಿದೆವು, ಎಲ್ಲಿ ನೋಡಿಲ್ಲ, ಯಾವ ಹಗ್ಗ ನೀರಿನಲ್ಲೇ ಕಳೆದುಹೋಯಿತು ಎಂಬುದನ್ನು ಮಾತ್ರ ಬರೆದೆ. ಸಾಹೇಬರು ಸಿಟ್ಟಾದರು. ನಾನು ವಾದಿಸಿದೆ. ಅದರಲ್ಲಿ ನನಗೆ ತರಬೇತಿ ಇದೆ.

ಎದುರಾಳಿಯ ವಾದ ಕೆಡವುವ ವಿದ್ಯೆಯನ್ನು ನಾನು ಕಾಲೇಜಿನಲ್ಲೇ ಕಲಿತಿದ್ದೆ. ಕೆಡವಿದ ಜಾಗದಲ್ಲಿ ನಿಂತು ಮುಂದಿನ ಹೊಣೆ ಹೊರಬೇಕಾದವರು ನಾವೇ ಎಂಬುದನ್ನು ಕಲಿಸಿದ್ದು ಈ ಕೆಲಸ. ದೇಶದೇಶಗಳ ನಡುವಿನ ಸಹಕಾರದ ಬಗ್ಗೆ ನನ್ನ ಅನುಮಾನ ಇನ್ನೂ ಪೂರ್ತಿ ಹೋಗಿಲ್ಲ. ಆದರೆ ಒಬ್ಬಾಕೆ ಕೆಲಸ ಕಳೆದುಕೊಳ್ಳುವ ಭಯವಿದ್ದೂ ಕಾರಿನಲ್ಲಿ ಕೂತು, ಯಾವತ್ತೂ ನೋಡದ ಊರಿನ ಒಂದು ಖಾಡಿಗಾಗಿ, ತನ್ನ ಸೋಲನ್ನು ಹೇಳಿಕೊಂಡದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಖಾಡಿಯಲ್ಲಿ ಲೆವ್ಟಾ ಕುಪ್ಪಳಿಸುತ್ತಿವೆ. ಕಳೆದ ವಾರ ಜೆಟ್ಟಿಯ ಬದಿಯ ಒಂದು ಫಲಕದಲ್ಲಿ ಕಪ್ಪು ಚಿಪ್ಪು ಒಂದು ಸಿಕ್ಕಿತು, ಅಕ್ಕಿಕಾಳಿನಷ್ಟು. ಸಂಜೆಯೊಳಗೆ ಜಾಲಕ್ಕೆ ಬರೆದು, ಮುಂದಿನ ದೊಡ್ಡ ಇಳಿತಕ್ಕೆ ಮುಳುಗುಗಾರರನ್ನು ಬರಹೇಳಿದ್ದೇವೆ.