ಹೇವರ್ಡ್‌ನಲ್ಲಿ ನೋಡಿದ ಗೋಲಿಲ್ಲದ ಫೈನಲ್

ಯೂರೋಪಿನ ಕ್ಲಬ್ಬುಗಳು ಆಡುವ ದೊಡ್ಡ ಫುಟ್‌ಬಾಲ್ ಕಪ್ಪಿನ ಫೈನಲ್ ಒಂದನ್ನು ನಾನು ಅಮೆರಿಕದ ಹೇವರ್ಡ್‌ನಲ್ಲಿ, ಗೆಳೆಯನ ಅಪಾರ್ಟ್‌ಮೆಂಟಿನ ಕಾರ್ಪೆಟ್ಟಿನ ಮೇಲೆ ಕೂತು, ಪುಳಿಯೋಗರೆ ತಿನ್ನುತ್ತ ನೋಡಿದೆ. ನೋಡಿದೆ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಮೊನ್ನೆ ಮೊನ್ನೆ ತಿಳಿದವರೊಬ್ಬರು, ಆ ಕಾಲದಲ್ಲಿ ಅಂಥ ಪಂದ್ಯ ಅಮೆರಿಕದಲ್ಲಿ ನೇರವಾಗಿ ಬರುತ್ತಲೇ ಇರಲಿಲ್ಲ, ನೀವು ನೋಡಿದ್ದು ಆಮೇಲೆ ತೋರಿಸಿದ್ದಿರಬೇಕು ಎಂದರು. ಇರಬಹುದು. ಆದರೆ ಅದು ಕೆಲಸದ ದಿನ, ಮಧ್ಯಾಹ್ನದ ಊಟದ ಹೊತ್ತು. ಪಂದ್ಯ ನಡೆದ ಸ್ಪೇನಿನಲ್ಲಿ ರಾತ್ರಿಯಾದರೆ ನಮ್ಮಲ್ಲಿ ಊಟದ ಹೊತ್ತೇ ಆಗಬೇಕು. ಲೆಕ್ಕ ಸರಿಹೋಗುತ್ತದೆ ಅನ್ನುವುದಷ್ಟೇ ನನ್ನ ಪುರಾವೆ. ಲೆಕ್ಕ ಸರಿಹೋಗುವಂತೆ ನೆನಪೇ ತನ್ನನ್ನು ತಿದ್ದಿಕೊಂಡಿರಬಹುದು ಎಂಬ ಅನುಮಾನವೂ ಇದೆ.

ಎಂಬತ್ತಾರರ ಮಾತು. ಆಡಿದ್ದು ಬಾರ್ಸಿಲೋನಾದ ಒಂದು ತಂಡ ಮತ್ತು ರುಮೇನಿಯಾದ ಸೈನ್ಯದವರ ಒಂದು ತಂಡ. ಎರಡು ಗಂಟೆ ಹೊತ್ತು ಬೆಳೆದ ಗಂಡಸರು ಓಡಾಡಿ ಒಂದೇ ಒಂದು ಗೋಲು ಹೊಡೆಯಲಿಲ್ಲ. ನಮ್ಮೂರ ಮುನಿಸಿಪಾಲಿಟಿಯ ಸಭೆಯಲ್ಲಿ ಕೂಡ ಅಷ್ಟು ಹೊತ್ತಿನಲ್ಲಿ ಏನಾದರೊಂದು ಆಗಿಬಿಡುತ್ತಿತ್ತು. ಇವತ್ತು ಹೇವರ್ಡ್ ಸುತ್ತಲ ಈ ಬೇ ಏರಿಯಾದಲ್ಲಿ ನನ್ನ ವಯಸ್ಸಿನ ಯಾವ ಕನ್ನಡಿಗನನ್ನು ಕೇಳಿದರೂ ಆ ಪಂದ್ಯ ನೋಡಿದ್ದೆ ಅನ್ನುತ್ತಾನೆ. ಆಗ ಇವರೆಲ್ಲ ಎಲ್ಲಿದ್ದರು ಎಂದು ನನಗೆ ಗೊತ್ತು. ಇವರೆಲ್ಲ ಮೀಟಿಂಗಿನಲ್ಲಿದ್ದರು.

ನಾನಾಗ ಹೇವರ್ಡ್‌ನ ಸ್ಟೇಟ್ ಯೂನಿವರ್ಸಿಟಿಯಲ್ಲಿ ತರ್ಕಶಾಸ್ತ್ರದ ಪಾಠ ಹೇಳುತ್ತಿದ್ದೆ. ಯಾವುದರ ಮೇಲೂ ನಂಬಿಕೆ ನಿಲ್ಲದವನಿಗೆ ಬೇರೆ ಉದ್ಯೋಗ ಸಿಗುವುದೂ ಕಷ್ಟ. ಗೆಳೆಯ ಹಾಸನದ ಕಡೆಯವನು, ಎಲೆಕ್ಟ್ರಾನಿಕ್ಸ್ ಎಂಜಿನಿಯರ್. ಕ್ಯಾಂಪಸ್ಸಿನ ಗುಡ್ಡದ ಕೆಳಗೆ, ಗೋದಾಮುಗಳ ಸಾಲಿನಲ್ಲಿದ್ದ ಒಂದು ಸಣ್ಣ ಕಾರ್ಖಾನೆಯಲ್ಲಿ ಅವನಿಗೆ ಕೆಲಸ. ಅವನ ವೀಸಾ ಆ ವರ್ಷದ ಕೊನೆಗೆ ಮುಗಿಯುತ್ತಿತ್ತು. ಗ್ರೀನ್ ಕಾರ್ಡಿನ ಅರ್ಜಿಗೆ ಅವನ ಬಾಸ್ ಸಹಿ ಹಾಕಬೇಕು. ಹಾಕದಿದ್ದರೆ ಗಂಡ ಹೆಂಡತಿ ಇಬ್ಬರೂ ಗಂಟುಮೂಟೆ ಕಟ್ಟಬೇಕು. ಬಾಸ್ ಆರು ತಿಂಗಳಿಂದ 'ನೋಡೋಣ' ಎನ್ನುತ್ತಿದ್ದ.

ಈ ಬಾಸ್ ಬಾರ್ಸಿಲೋನಾದ ಪಕ್ಕದ ಯಾವುದೋ ಊರಿನವನು. ಸ್ಪೇನಿನವನೇ ಎಂದು ಕೇಳಿದರೆ ಮುಖ ಸಿಂಡರಿಸುತ್ತಿದ್ದ, ಆ ಸೀಮೆಯ ಹೆಸರು ಹಿಡಿದು ಕ್ಯಾಟಲನ್ ಎನ್ನಬೇಕಿತ್ತು. ಮನೆಯಲ್ಲಿ ಬೆಳ್ಳುಳ್ಳಿ ಇದ್ದರೆ ಸಾಲದು, ಗಾಳಿಯಲ್ಲೂ ಇರಬೇಕು ಎನ್ನುವವನಂತೆ, ಬೆಳ್ಳುಳ್ಳಿ ಬೆಳೆಗೇ ಹೆಸರಾದ ಗಿಲ್‌ರಾಯ್‌ನಲ್ಲಿ ಮನೆ ಕೊಂಡಿದ್ದ. ದಿನಾ ಅಲ್ಲಿಂದ ಹೇವರ್ಡ್‌ಗೆ ಫ್ರೀವೇಯಲ್ಲಿ ಬಂದು ಇಳಿಯುವಷ್ಟರಲ್ಲಿ ಅವನ ಮನಸ್ಸು ಕೆಟ್ಟಿರುತ್ತಿತ್ತು. ಊರಿನ ತಂಡ ಗೆದ್ದ ವಾರ ಮಾತ್ರ ಮನುಷ್ಯನ ಹಾಗೆ ಮಾತಾಡುತ್ತಿದ್ದ. ಅಂಥ ಒಂದು ವಾರ ನಮ್ಮವನು ಅವನ ಮುಂದೆ ನಿಂತು, ತಾನೂ ಹಾಸನದಲ್ಲಿ ಕಾಲೇಜ್ ತಂಡಕ್ಕೆ ಫುಟ್‌ಬಾಲ್ ಆಡಿದ್ದೇನೆ ಎಂದುಬಿಟ್ಟ. ಎಡ ತುದಿಯಲ್ಲಿ ಓಡುವವನಾಗಿದ್ದೆ ಎಂದೂ ಸೇರಿಸಿದ. ಅವನು ಆಡಿದ್ದು ಕಬಡ್ಡಿ. ಬಾಸ್‌ಗೆ ಎಷ್ಟು ಖುಷಿಯಾಯಿತೆಂದರೆ, ಫೈನಲ್ ದಿನ ಗಿಲ್‌ರಾಯ್‌ಗೆ ಹೋಗಿ ಬರಲಾಗದು, ನಿನ್ನ ಅಪಾರ್ಟ್‌ಮೆಂಟು ಹತ್ತಿರವೇ ಇದೆಯಲ್ಲ, ಅಲ್ಲೇ ನೋಡೋಣ ಎಂದು ತನಗೆ ತಾನೇ ಆಹ್ವಾನ ಕೊಟ್ಟುಕೊಂಡ.

ಗೆಳೆಯ ಅವತ್ತೇ ನನ್ನ ಹತ್ತಿರ ಬಂದ.

"ಗುರುವೇ, ಒಂದು ಉಪಕಾರ ಆಗಬೇಕು. ಫುಟ್‌ಬಾಲ್ ಹೇಳಿಕೊಡು."

"ನನಗೇ ಗೊತ್ತಿಲ್ಲವಲ್ಲೋ."

"ಗೊತ್ತಿಲ್ಲದ್ದನ್ನೇ ಅಲ್ವೇನಯ್ಯ ನೀನು ದಿನಾ ಕ್ಲಾಸಲ್ಲಿ ಹೇಳಿಕೊಡೋದು?"

ನಮ್ಮ ಲೈಬ್ರರಿಗೆ ಯೂರೋಪಿನ ಪತ್ರಿಕೆಗಳು ತಡವಾಗಿಯಾದರೂ ಬರುತ್ತಿದ್ದವು. ಅವುಗಳಲ್ಲಿ ಹುಡುಕಿ, ಎರಡೂ ತಂಡಗಳು ಫೈನಲ್‌ವರೆಗೆ ಬಂದ ದಾರಿಯನ್ನು ಅವನ ಮುಂದಿಟ್ಟೆ. ಆಟ ಹೇಗೆ ಆಡುತ್ತಾರೆ, ಯಾರು ಎಲ್ಲಿ ನಿಲ್ಲುತ್ತಾರೆ ಎನ್ನುವುದನ್ನೂ ಹೇಳಲು ಹೋದೆ. ಅವನಿಗೆ ಅದೆಲ್ಲ ಬೇಡ. ನಮ್ಮ ಕಡೆಯ ಎಂಜಿನಿಯರುಗಳಿಗೆ ಯಾವ ವಿಷಯವೂ ವಿಷಯವಲ್ಲ, ಸಿಲಬಸ್ಸು. ಬಾಯಿಪಾಠ ಮಾಡಿ ಪರೀಕ್ಷೆ ಬರೆದು ಮರೆಯಬೇಕು. ಸೇತುವೆ ಕಟ್ಟುವುದನ್ನೂ ಹಾಗೇ ಕಲಿಯುತ್ತಾರೆ. ಸೇತುವೆಗಳು ನಿಂತಿರುವುದು ಸೇತುವೆಗಳ ಒಳ್ಳೆಯತನ.

ಅಡುಗೆಮನೆಯ ಪುಟ್ಟ ಮೇಜಿನ ಮುಂದೆ ಕೂತು ಅವನು ಮಗ್ಗಿಯ ರಾಗದಲ್ಲಿ ಒಪ್ಪಿಸುತ್ತಿದ್ದ. ಬಾರ್ಸಿಲೋನಾದವರಿಗೆ ಪ್ರಾಗಿನಲ್ಲಿ ಎರಡು ಒಂದು ಗೆಲುವು, ಮನೆಯಲ್ಲಿ, ಅಂದರೆ ತಮ್ಮೂರಲ್ಲಿ, ಸೊನ್ನೆ ಒಂದು ಸೋಲು. ಪೋರ್ಚುಗಲ್ಲಿನವರ ಮೇಲೆ ಮನೆಯಲ್ಲಿ ಎರಡು ಸೊನ್ನೆ ಗೆಲುವು, ಅಲ್ಲಿ ಒಂದು ಮೂರು ಸೋಲು. ಇಟಲಿಯವರನ್ನು ಮನೆಯಲ್ಲಿ ಒಂದು ಸೊನ್ನೆ, ಅಲ್ಲಿ ಒಂದು ಒಂದು. ಆಮೇಲೆ ಸ್ವೀಡನ್. ಅಲ್ಲಿ ಮೂರು ಗೋಲಿನ ಸೋಲು, ಮನೆಯಲ್ಲಿ ಮೂರು ಗೋಲಿನ ಗೆಲುವು, ಕೊನೆಗೆ ಪೆನಾಲ್ಟಿ. ರುಮೇನಿಯಾದವರದು ಡೆನ್ಮಾರ್ಕ್, ಹಂಗೇರಿ, ಫಿನ್‌ಲ್ಯಾಂಡ್, ಬೆಲ್ಜಿಯಂ, ಅದೂ ಹೀಗೇ, ಅಲ್ಲೊಂದು ಇಲ್ಲೊಂದು.

ಅವನ ಹೆಂಡತಿ ಹುರುಳಿಕಾಯಿ ಹೆಚ್ಚುತ್ತ ಕೇಳಿಸಿಕೊಳ್ಳುತ್ತಿದ್ದಳು. ಮೈಸೂರಿನವಳು, ಗಣಿತದ ಎಂ.ಎಸ್ಸಿ. ಅವಳ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲದ್ದರಿಂದ ಹುರುಳಿಕಾಯಿ.

"ಪ್ರಾಗಿನವರ ಜೊತೆ ಇಬ್ಬರದೂ ಎರಡೆರಡು ಗೋಲಾಯ್ತಲ್ಲ" ಎಂದಳು. "ಇವರು ಹೇಗೆ ಗೆದ್ದರು?"

"ಸಮ ಆದ್ರೆ, ಬೇರೆಯವರ ಊರಲ್ಲಿ ಹೊಡೆದ ಗೋಲಿಗೆ ಬೆಲೆ ಜಾಸ್ತಿ ಕಣೇ. ರೂಲು."

"ಮಾವನ ಮನೇಲಿ ಗೆದ್ದ ಹಾಗೆ."

"ಅಲ್ಲಿ ನಾನು ಇನ್ನೂ ಗೋಲೇ ಹೊಡೆದಿಲ್ಲ ಬಿಡು."

"ಎಲ್ಲಿ ಹೊಡೀತೀರಿ, ಊಟ ಆದ ತಕ್ಷಣ ಮಲಗಿಬಿಡ್ತೀರಿ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಇವರು ಇದನ್ನೆಲ್ಲ ಹೇಳಿದ್ರೆ ಆ ಮನುಷ್ಯ ಸಹಿ ಹಾಕ್ತಾನೆ ಅಂತ ನಿಮಗೂ ಅನ್ಸುತ್ತಾ?" ಎಂದು ಕೇಳಿದಳು.

ನನಗೆ ಹಾಗೇನೂ ಅನ್ನಿಸಿರಲಿಲ್ಲ. ಹಾಗಂತ ಹೇಳಿದೆನೋ, ಸುಮ್ಮನೆ ನಕ್ಕೆನೋ, ಈಗ ತಿಳಿಯದು.

ಫೈನಲ್ ದಿನ ಬಾಸ್ ತನ್ನ ಕಾರಿನಲ್ಲೇ ಗೆಳೆಯನನ್ನು ಕೂರಿಸಿಕೊಂಡು ಬಂದ. ನಾನು ಮೊದಲೇ ಬಂದು ಟೀವಿಯ ಹಿಂದಿನ ದುಂಡಗಿನ ಆಂಟೆನಾ ತಿರುಗಿಸುತ್ತ ಕೂತಿದ್ದೆ. ಸ್ಪ್ಯಾನಿಷ್ ಚಾನೆಲ್ಲಿನಲ್ಲಿ ಪ್ರತಿ ಆಟಗಾರನಿಗೂ ಒಂದು ನೆರಳು, ಚೆಂಡಿಗೆ ಎರಡು. ಮನೆಯಲ್ಲಿ ಇದ್ದ ಮಡಿಸುವ ಕುರ್ಚಿಯನ್ನು ಬಾಸ್‌ಗೆ ಕೊಟ್ಟೆವು. ಅವನು ಪುಳಿಯೋಗರೆಯನ್ನು ಅನುಮಾನದಿಂದ ಮೂಸಿ ನೋಡಿ, ಬೆಳ್ಳುಳ್ಳಿ ಇಲ್ಲವೇ ಎಂದು ಕೇಳಿದ. ಆಟ ಶುರುವಾಗುವ ಮೊದಲು ಗೆಳೆಯ ಬಾಯಿಪಾಠ ತೆಗೆದ.

ಒಪ್ಪಿಕೊಳ್ಳಬೇಕು, ಚೆನ್ನಾಗಿ ಒಪ್ಪಿಸಿದ. ಪ್ರಾಗು, ಪೋರ್ಚುಗಲ್ಲು, ಇಟಲಿ. ಬಾಸ್ ಪ್ರತಿಯೊಂದಕ್ಕೂ ತಲೆದೂಗುತ್ತ ಬಂದ. ಸ್ವೀಡನ್ನಿನ ಮೂರು ಗೋಲಿನ ಸೋಲು, ಆಮೇಲಿನ ಮೂರು ಗೋಲಿನ ಗೆಲುವು ಹೇಳುವಾಗ ಅವನ ಕಣ್ಣು ಒದ್ದೆಯಾಯಿತು. ಪಕ್ಕಕ್ಕೆ ಬಗ್ಗಿ ಗೆಳೆಯನ ಭುಜ ಹಿಡಿದ. ಗೆಳೆಯ ನನ್ನತ್ತ ನೋಡಿದ ನೋಟ, ರ‍್ಯಾಂಕ್ ಬಂದವನದು. ಮೇಲಿನ ಮಹಡಿಯಲ್ಲಿ ಯಾರೋ ಬಟ್ಟೆ ಒಗೆಯುವ ಮಿಷನ್ನು ಓಡಿಸುತ್ತಿದ್ದರು, ನಮ್ಮ ಛಾವಣಿ ಗಡಗಡ ಎನ್ನುತ್ತಿತ್ತು. ಎರಡು ತಂಡಗಳ ಚರಿತ್ರೆಯ ಮುಂದೆ ಮನುಷ್ಯ ಎಷ್ಟು ಸುಲಭವಾಗಿ ಕರಗುತ್ತಾನೆ ಎಂದು ನನಗೆ ಹೇಸಿಗೆಯಾಯಿತು.

ಪಂದ್ಯದ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಆಟ ನಡೆದದ್ದು ಸ್ಪೇನಿನಲ್ಲೇ, ಸೆವಿಲ್ಯದಲ್ಲಿ. ಸ್ಟೇಡಿಯಂ ತುಂಬ ಬಾರ್ಸಿಲೋನಾದವರದೇ ಜನ. ಅಷ್ಟೆಲ್ಲ ಜನ ಕೂಗುತ್ತಿದ್ದರೂ ಚೆಂಡು ಗೋಲಿನೊಳಗೆ ಹೋಗಲು ಒಪ್ಪಲಿಲ್ಲ. ರುಮೇನಿಯಾದವರು ಗೋಲು ಹೊಡೆಯಲು ಬಂದವರ ಹಾಗೆ ಕಾಣಲಿಲ್ಲ, ರೈಲು ತಪ್ಪಿಸಿಕೊಂಡವರು ಮುಂದಿನ ರೈಲಿಗೆ ಕಾಯುವ ಹಾಗೆ ಕಾದರು. ಹೆಚ್ಚಿನ ಸಮಯವೂ ಮುಗಿಯಿತು. ಊಟದ ಬಿಡುವು ಮುಗಿದು ಎಷ್ಟೋ ಹೊತ್ತಾಗಿತ್ತು. ಕಾರ್ಖಾನೆಯಲ್ಲಿ ಬಾಸ್‌ನನ್ನು ಕೇಳುವವರು ಯಾರು?

ಪೆನಾಲ್ಟಿ ಬಂತು. ಮೊದಲು ಎರಡೂ ಕಡೆಯವರು ಎರಡೆರಡು ಸಲ ಹೊಡೆದು ಎರಡೂ ಸಲ ಗೋಲ್‌ಕೀಪರನ ಕೈಗೆ ಕೊಟ್ಟರು. ಆಮೇಲೆ ರುಮೇನಿಯಾದವರು ಎರಡು ಗೋಲು ಹೊಡೆದರು, ಬಾರ್ಸಿಲೋನಾದವರು ಮತ್ತೆರಡು ಕಳೆದುಕೊಂಡರು. ರುಮೇನಿಯಾದ ಗೋಲ್‌ಕೀಪರ್ ನಾಲ್ಕಕ್ಕೆ ನಾಲ್ಕೂ ತಡೆದ. ಅವನಿಗೆ ಮೀಸೆ ಇತ್ತು ಎಂದು ನನ್ನ ನೆನಪು. ಆ ಕಾಲದಲ್ಲಿ ಎಲ್ಲರಿಗೂ ಮೀಸೆ ಇತ್ತು, ಆದ್ದರಿಂದ ಈ ನೆನಪಿಗೆ ಬೆಲೆ ಇಲ್ಲ.

ಬಾಸ್ ಎರಡೂ ಕೈಯಲ್ಲಿ ತಲೆ ಹಿಡಿದು ಕೂತ. ಆಗ ಗೆಳೆಯ ಅವನ ಹತ್ತಿರ ಸರಿದು, ಸಾವಿನ ಮನೆಯಲ್ಲಿ ಸಮಾಧಾನ ಹೇಳುವ ದನಿಯಲ್ಲಿ ಇಂಗ್ಲಿಷಿನಲ್ಲಿ ಹೇಳಿದ: "ಬೇಜಾರು ಮಾಡ್ಕೋಬೇಡಿ ಸಾರ್. ಇದು ನಿಮ್ಮ ಮನೆಯ ಪಂದ್ಯ ಮಾತ್ರ. ಇನ್ನೊಂದು ರುಮೇನಿಯಾದಲ್ಲಿ ಇರುತ್ತಲ್ಲ. ಅಲ್ಲಿ ಒಂದು ಗೋಲು ಹೊಡೆದರೆ ಸಾಕು."

ಅವನು ಕಲಿತ ದಾರಿಯಲ್ಲಿ ಪ್ರತಿ ಸುತ್ತಿಗೂ ಎರಡು ಪಂದ್ಯ, ಇಲ್ಲೊಂದು ಅಲ್ಲೊಂದು. ಕೊನೆಯ ಸುತ್ತಿಗೆ ಮಾತ್ರ ಒಂದೇ ಎಂದು ಆ ಪಾಠದಲ್ಲಿ ಇರಲಿಲ್ಲ. ನಾನು ಹೇಳಿದ್ದೆ ಎಂದು ನಾನು ಹೇಳುತ್ತೇನೆ, ಹೇಳಿರಲಿಲ್ಲ ಎಂದು ಅವನು. ಹೇಳಿದ್ದರೂ ಅವನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ, ಇನ್ನೂ ಆಡದ ಪಂದ್ಯದಲ್ಲಿ ಬಾಯಿಪಾಠ ಮಾಡಲು ಏನಿರುತ್ತದೆ?

ಟೀವಿಯಲ್ಲಿ ರುಮೇನಿಯಾದವರು ಕಪ್ಪನ್ನು ಮೇಲೆತ್ತಿದರು.

"ರೀ" ಎಂದಳು ಹೆಂಡತಿ ಕನ್ನಡದಲ್ಲಿ, "ಇನ್ನೊಂದು ಮ್ಯಾಚ್ ಇದ್ರೆ ಈಗಲೇ ಕಪ್ ಯಾಕೆ ಕೊಡ್ತಿದಾರೆ?"

"ಸುಮ್ನಿರೇ. ಅರ್ಧಕ್ಕೊಂದು ಕೊಡ್ತಾರೇನೋ."

ಬಾಸ್ ತಲೆ ಎತ್ತಿ ಗೆಳೆಯನನ್ನೇ ನೋಡಿದ. ನೀನು ನಿಜವಾಗಿ ಫುಟ್‌ಬಾಲ್ ಆಡಿದ್ದೀಯಾ ಎಂದು ಕೇಳಿದ. ಹೆಂಡತಿಯ ಕೈಯಲ್ಲಿದ್ದ ಮಜ್ಜಿಗೆಯ ಲೋಟ ಅಲ್ಲೇ ನಿಂತಿತು.

"ಇಲ್ಲ ಸಾರ್" ಎಂದ ಗೆಳೆಯ. "ಕಬಡ್ಡಿ."

ಬಾಸ್ ಎದ್ದು ಕೋಟು ಹಾಕಿಕೊಂಡ. ಗೆಳೆಯ ಬಂದದ್ದು ಅವನ ಕಾರಿನಲ್ಲಿ, ವಾಪಸು ಹೋಗಬೇಕಾದದ್ದೂ ಅದರಲ್ಲೇ. ಇಬ್ಬರೂ ಮೆಟ್ಟಿಲಿಳಿದು ಹೋಗುವುದನ್ನು ನಾವಿಬ್ಬರು ಬಾಗಿಲಲ್ಲಿ ನಿಂತು ನೋಡಿದೆವು. "ಮುಗೀತು" ಎಂದಳು ಅವಳು. "ಮೈಸೂರಲ್ಲಿ ಬಾಡಿಗೆ ಮನೆ ಈಗ ಎಷ್ಟಿದೆಯೋ." ನಾನು ತಟ್ಟೆಗಳನ್ನು ತೊಳೆಯುವ ಕಡೆ ಇಟ್ಟು ಕ್ಲಾಸಿಗೆ ಹೋದೆ.

ಕಾರಿನಲ್ಲಿ ಏನಾಯಿತು ಎನ್ನುವುದಕ್ಕೆ ಸಾಕ್ಷಿ ಗೆಳೆಯನೊಬ್ಬನೇ, ಮತ್ತು ಅವನ ಸಾಕ್ಷಿ ಬದಲಾಗುತ್ತಲೇ ಬಂದಿದೆ. ಅವತ್ತು ಸಂಜೆ ನನಗೆ ಹೇಳಿದ್ದು, ಬಾಸ್ ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ ಎಂದು. ಕೆಲವು ವರ್ಷ ಕಳೆದ ಮೇಲೆ, ಬಾಸ್ ಕಾರು ಪಕ್ಕಕ್ಕೆ ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಕ್ಕ ಎಂದಾಯಿತು. ಈಚೆಗೆ ಬೆರ್ರಿಯೆಸಾದ ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ, ಬಾಸ್ ಅವನ ಹೆಗಲ ಮೇಲೆ ತಲೆಯಿಟ್ಟು ಅತ್ತ ಎಂದು ಹೇಳುತ್ತಿದ್ದ. ಕಾರು ಓಡಿಸುತ್ತ ಅದು ಹೇಗೆ ಸಾಧ್ಯ ಎಂದು ನಾನು ಕೇಳಲಿಲ್ಲ. ಸುತ್ತ ಕೂತವರು ಪ್ರಸಾದ ತಿನ್ನುತ್ತ ತಲೆದೂಗುತ್ತಿದ್ದರು. ಗೆಳೆಯನ ಮಗಳು ಮಾತ್ರ ಇಂಗ್ಲಿಷಿನಲ್ಲಿ, ಹೋದ ಸಲ ಹೇಳಿದಾಗ ಬಾಸ್ ನಕ್ಕಿದ್ದ ಅಪ್ಪ, ಎಂದಳು.

ಸಹಿ ಮಾತ್ರ ಬಿತ್ತು. ಅದು ನಿಜ, ಅವರು ಇನ್ನೂ ಇಲ್ಲೇ ಇದ್ದಾರೆ. ಮುಂದಿನ ವಾರವೇ ಬಾಸ್ ಅವನನ್ನು ಕರೆದು ಕಾಗದ ಎಳೆದುಕೊಂಡನಂತೆ. ಈ ಕೆಲಸಕ್ಕೆ ಇವನಂಥವನು ಈ ದೇಶದಲ್ಲಿ ಹುಡುಕಿದರೂ ಸಿಗಲಿಲ್ಲ ಎಂದು ಕಂಪನಿಯವರು ಆ ಅರ್ಜಿಯಲ್ಲಿ ಹೇಳಬೇಕಂತೆ. ಬಾಸ್, ಇಷ್ಟು ದಿನ ಹಾಗೆ ಹೇಳಲು ಮನಸ್ಸು ಒಪ್ಪಿರಲಿಲ್ಲ, ಈಗ ಧೈರ್ಯವಾಗಿ ಹೇಳಬಹುದು ಎಂದನಂತೆ. ಮಾತು ಚೆನ್ನಾಗಿದೆ. ಇಷ್ಟು ಚೆನ್ನಾಗಿರುವ ಮಾತನ್ನು ಗಿಲ್‌ರಾಯ್‌ನಿಂದ ಕಾರು ಓಡಿಸಿಕೊಂಡು ಬಂದವನು ಬೆಳಗಿನ ಹೊತ್ತು ಆಡಿರಲಾರ. ಗೆಳೆಯನಿಗೂ ಇಷ್ಟು ಬುದ್ಧಿ ಇಲ್ಲ. ಹಾಗಾದರೆ ನಾನೇ ಕಟ್ಟಿದ್ದಿರಬೇಕು, ಅವನು ನನ್ನಿಂದ ಕೇಳಿ ತನ್ನದು ಮಾಡಿಕೊಂಡಿರಬೇಕು. ಅದೇ ವಾರ ಆ ವಿಭಾಗದ ಇನ್ನೊಬ್ಬನ ಅರ್ಜಿಗೂ ಸಹಿ ಬಿತ್ತು. ಅವನು ಫುಟ್‌ಬಾಲ್ ಹೆಸರೆತ್ತಿದವನೇ ಅಲ್ಲ. ಇದನ್ನು ಪೂಜೆಯ ಮನೆಗಳಲ್ಲಿ ಯಾರೂ ಹೇಳುವುದಿಲ್ಲ. ಹೊಸದಾಗಿ ಬಂದ ಹುಡುಗರಿಗೆ ಗೆಳೆಯ ಇವತ್ತಿಗೂ ಕೊಡುವ ಉಪದೇಶ, ಬಾಸ್ ಯಾವ ಆಟ ನೋಡುತ್ತಾನೋ ಅದನ್ನು ಕಲಿ ಎಂದು. ಅವರಲ್ಲಿ ಕೆಲವರು ಗಾಲ್ಫ್ ಬಾಯಿಪಾಠ ಮಾಡಿದ್ದಾರೆ.

ಸಹಿಯಾದ ಶನಿವಾರ ಗೆಳೆಯ ಮತ್ತು ಅವನ ಹೆಂಡತಿ ಮಂಚ ಕೊಂಡರು. ಅಲ್ಲಿಯವರೆಗೆ ನೆಲದ ಮೇಲೆ ಹಾಸಿಗೆ, ಹೋಗುವವರಿಗೆ ಮಂಚ ಯಾಕೆ ಎಂದು ಅವಳೇ ಬೇಡವೆಂದಿದ್ದಳಂತೆ. ಮೂವರೂ ಸೇರಿ ಮೆಟ್ಟಿಲ ಮೇಲೆ ಹೊತ್ತೆವು. ತಿರುವಿನಲ್ಲಿ ಅದು ಸಿಕ್ಕಿಕೊಂಡಿತು. ಗೆಳೆಯ ಅಲ್ಲೇ ನಿಂತು, ಸ್ವೀಡನ್ನಿನದು ಹೇಳಿದಾಗಲೇ ಕೆಲಸ ಆಗಿಹೋಗಿತ್ತು ಕಣಯ್ಯ, ಎಂದು ನನಗೆ ವಿವರಿಸಲು ಶುರುಮಾಡಿದ. ಮೇಲಿನ ತುದಿ ಹಿಡಿದಿದ್ದ ಅವಳು, "ರೀ, ಅದೆಲ್ಲ ಆಮೇಲೆ. ನಿಮ್ಮ ಕಡೆ ಸ್ವಲ್ಪ ಎತ್ತಿ" ಎಂದಳು.