ದೌಲಪ್ಪನ ಹಿಂದಿನ ಸೀಟು

ದೌಲಪ್ಪನ ಸ್ಕೂಟರಿನ ಹಿಂದಿನ ಸೀಟಿನ ಮೇಲೆ ಮನುಷ್ಯರು ಕೂತದ್ದನ್ನು ಕಚೇರಿಯಲ್ಲಿ ಯಾರೂ ಕಂಡಿರಲಿಲ್ಲ. ಅಲ್ಲಿ ಒಂದು ತಗಡಿನ ಪೆಟ್ಟಿಗೆ ಇರುತ್ತಿತ್ತು. ಸೈಕಲ್ ಟ್ಯೂಬಿನಿಂದ ಅದನ್ನು ಎಷ್ಟು ಬಿಗಿದಿದ್ದನೆಂದರೆ ಬಿಚ್ಚಲು ಕುಡುಗೋಲೇ ಬೇಕು. ಒಳಗೆ ಏನಿತ್ತು ಅಂತೀರಿ? ಏನೂ ಇಲ್ಲ. ಖಾಲಿ ಪೆಟ್ಟಿಗೆ ಹೊತ್ತು ಈ ಮನುಷ್ಯ ಕಲಬುರಗಿಯ ನೆಹರು ಗಂಜಿನ ಹಿಂದಿದ್ದ ತನ್ನ ಮನೆಯಿಂದ ದಿನಾ ಕಮಲಾಪುರದ ಕಚೇರಿಗೆ ಹೋಗಿ ಬರುತ್ತಿದ್ದ. ದಾರಿಯಲ್ಲಿ ಯಾರಾದರೂ ಕೈ ಮಾಡಿದರೆ ಪೆಟ್ಟಿಗೆ ತೋರಿಸಿ ಮುಂದೆ ಸಾಗುತ್ತಿದ್ದ. ಎಂಜಲು ಕೈಯಲ್ಲಿ ಕಾಗೆ ಓಡಿಸದವ ಎಂದು ಜನ ಆಡಿಕೊಂಡರು. ಆಡಿಕೊಳ್ಳಲಿ ಎಂದು ದೌಲಪ್ಪ ಸುಮ್ಮನಿದ್ದ. ನಿಜ ಹೇಳುವುದಕ್ಕಿಂತ ಜಿಪುಣ ಅನ್ನಿಸಿಕೊಳ್ಳುವುದು ಅವನಿಗೆ ಸಲೀಸಾಗಿತ್ತು.

ನಿಜವೆಂದರೆ ಅದು ಭಯ, ಬೇರೇನೂ ಅಲ್ಲ. ಸ್ಕೂಟರ್ ಹೊಸದಿದ್ದಾಗ ಆತ ತಾಯಿ ಚಂದಮ್ಮನನ್ನು ಹಿಂದೆ ಕೂರಿಸಿಕೊಂಡು ಅದೇ ದಾರಿಯಲ್ಲಿ ಸಿಗುವ ಮಹಾಗಾಂವದಲ್ಲಿದ್ದ ತಂಗಿಯ ಮನೆಗೆ ಹೊರಟಿದ್ದ. ಮುದುಕಿ ಒಂದೇ ಕಡೆ ಕಾಲು ಇಳಿಬಿಟ್ಟು ಕೂತಿದ್ದಳು. ಮಗ ಹುರುಪಿನಲ್ಲಿ ಮನೆ ಕಟ್ಟುವ ಮಾತು ತೆಗೆದ. ಅಡುಗೆಮನೆ ಇಲ್ಲಿ, ದೇವರ ಜಗಲಿ ಅಲ್ಲಿ ಎಂದು ಹೇಳುತ್ತಲೇ ಬಂದು ಊರ ಅಗಸಿ ಬಾಗಿಲ ಮುಂದೆ ಗಾಡಿ ನಿಲ್ಲಿಸಿ, "ಇಳಿಯವ್ವಾ" ಅಂದ. ಹಿಂದೆ ಯಾರೂ ಇರಲಿಲ್ಲ. ಬಂದ ದಾರಿಯಲ್ಲೇ ಹುಚ್ಚನಂತೆ ತಿರುಗಿ ಹೋದ. ಒಂದು ತಗ್ಗಿನ ಪಕ್ಕದಲ್ಲಿ ಆಕೆ ಬಿದ್ದಿದ್ದಳು, ಉಸಿರಿತ್ತು, ಮಾತಿರಲಿಲ್ಲ. ದವಾಖಾನೆ ಮುಟ್ಟುವುದರೊಳಗೆ ಉಸಿರೂ ಹೋಯಿತು. ತಾನು ಎಲ್ಲಿಂದ ಎಲ್ಲಿಯವರೆಗೆ ಗಾಳಿಯೊಂದಿಗೆ ಮಾತಾಡುತ್ತ ಬಂದೆ ಎಂಬುದು ಅವನಿಗೆ ಕೊನೆಗೂ ತಿಳಿಯಲಿಲ್ಲ. ಪೆಟ್ಟಿಗೆ ಬಂದದ್ದು ಅದಾದ ಮೇಲೆ.

ಹೀಗಿರುವಾಗ ಗಲ್ಫ್ ಯುದ್ಧ ಬಂತು. ಎಲ್ಲಿಯದೋ ಮರಳುಗಾಡಿನಲ್ಲಿ ಬಾಂಬು ಬಿದ್ದರೆ ಕಲಬುರಗಿಯ ಪೆಟ್ರೋಲ್ ಬಂಕಿನ ಮುಂದೆ ಸಾಲು ಬೆಳೆಯಿತು. ಊರಿನ ಹಿರಿಯ ಅಧಿಕಾರಿಗಳು ಕೂತು ಯೋಚಿಸಿ 'ಜೋಡಿ ಸವಾರಿ' ಎಂಬ ಯೋಜನೆ ತೆಗೆದರು. ನೌಕರಿಗೆ ಹೋಗುವವರು ಗಾಡಿಯ ಮೇಲೆ ಒಬ್ಬರೇ ಹೋಗಕೂಡದು, ಅದೇ ದಾರಿಯ ಇನ್ನೊಬ್ಬರನ್ನು ಕೂರಿಸಿಕೊಳ್ಳಬೇಕು, ಇಲ್ಲವೇ ಬಸ್ಸು ಹತ್ತಬೇಕು. ಜೋಡಿಯಾಗಿ ಬಂದವರಿಗೆ ಮಾತ್ರ ಪೆಟ್ರೋಲಿನ ಚೀಟಿ. ಗೋಡೆಗಳ ಮೇಲೆಲ್ಲ ಚಿತ್ರ ಬರೆಸಿದರು. ಸ್ಕೂಟರಿನ ಮೇಲೆ ಇಬ್ಬರು ನಗುತ್ತ ಕೂತ ಚಿತ್ರ. ಆ ಚಿತ್ರ ಕಂಡಲ್ಲೆಲ್ಲ ದೌಲಪ್ಪ ಮುಖ ತಿರುಗಿಸಿ ಗಾಡಿ ಜೋರು ಮಾಡುತ್ತಿದ್ದ.

ಬಸ್ಸಿಗೆ ಹೋಗಿಬಿಡೋಣ ಎಂದು ಆತ ಮನಸ್ಸು ಮಾಡಿದ್ದ. ಅಷ್ಟರಲ್ಲಿ ಸಾಹೇಬರು ಎಲ್ಲರ ಮುಂದೆ ಕರೆದರು. ಜೊತೆಗೆ ಬಂಡು ನಿಂತಿದ್ದ. ಬಂಡು ಅದೇ ಕಚೇರಿಯ ಗುಮಾಸ್ತ, ಬ್ರಹ್ಮಪುರ ಓಣಿಯ ಆಚಾರವಂತ ವೈಷ್ಣವರ ಮನೆಯವ. ಎಳವೆಯಲ್ಲಿ ಜ್ವರ ಬಂದು ಬಲಗಾಲು ಸಣಕಲಾಗಿತ್ತು.

"ದೌಲಪ್ಪ, ಬಂಡುರಾವ್ ಬಸ್ಸಿನಾಗ ನಿಂತು ಬರಾಕ ಆಗೂದಿಲ್ಲ. ನಾಳಿಂದ ಇವರು ನಿಮ್ಮ ಜೋಡಿ" ಅಂದರು ಸಾಹೇಬರು.

"ಸಾಹೇಬ್ರ, ನನ್ನ ಗಾಡಿ ಹಳೀದ್ರಿ..."

"ಪೆಟ್ಟಿಗಿ ಹೊರತದ, ಮನುಷ್ಯಾನ್ನ ಹೊರೂದಿಲ್ಲೇನು?"

ಎಲ್ಲರೂ ನಕ್ಕರು. ಬಂಡು ಮಾತ್ರ ನಗಲಿಲ್ಲ, ತನ್ನ ಕಾಲು ನೋಡಿಕೊಂಡ. ಅದನ್ನು ಕಂಡು ದೌಲಪ್ಪ, "ಆಗಲ್ರಿ" ಅಂದ.

ಮರುದಿನ ಬೆಳಿಗ್ಗೆ ಹೆಂಡತಿ ಭಾಗಮ್ಮ ಕುಡುಗೋಲಿನಿಂದ ಟ್ಯೂಬು ಕೊಯ್ದು ಪೆಟ್ಟಿಗೆ ಇಳಿಸಿದಳು. "ಸಾವಕಾಶ ಹೋಗ್ರಿ" ಅಂದಳು, ಅಷ್ಟೇ.

ಬಂಡು ಕೂತ ಕೂಡಲೇ ದೌಲಪ್ಪ ಒಂದು ಕರಾರು ಹಾಕಿದ. "ಬಂಡುರಾವ್, ದಾರಿ ತುಂಬ ಮಾತಾಡ್ಕೋತ ಬರ್ರಿ. ಸುಮ್ನ ಕೂಡಬ್ಯಾಡ್ರಿ."

"ಅದೇನ್ರಿ?"

"ನನಗ ಬ್ಯಾಸರಾಗ್ತದ."

ಮಾತಾಡು ಎಂದು ಬಂಡುವಿಗೆ ಹೇಳುವುದೂ ಒಂದೇ, ಹರಿಯುವ ನೀರಿಗೆ ಹರಿ ಎನ್ನುವುದೂ ಒಂದೇ. ಸೋದರತ್ತೆಯ ಜಗಳ, ಪಂಢರಪುರದ ಯಾತ್ರೆ, ಪುರಣಪೋಳಿಯ ಹದ, ಎಲ್ಲವನ್ನೂ ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಸುರಿಯುತ್ತಿದ್ದ. ಮುಂದೆ ಕೂತವ ಒಂದಕ್ಷರವನ್ನೂ ತಲೆಗೆ ಹಾಕಿಕೊಳ್ಳುತ್ತಿರಲಿಲ್ಲ. ಅವನಿಗೆ ಬೇಕಾದದ್ದು ದನಿ ಮಾತ್ರ. ದನಿ ಇದೆಯೆಂದರೆ ಮನುಷ್ಯ ಇದ್ದಾನೆ. ಬಂಡು ಉಗುಳು ನುಂಗಲು ನಿಂತರೂ ಇವನು "ಹೂಂ, ಮುಂದ?" ಎಂದು ಚೀರುತ್ತಿದ್ದ. ನನ್ನ ಮಾತೆಂದರೆ ಇವರಿಗೆ ಎಷ್ಟು ಪ್ರೀತಿ ಎಂದು ಬಂಡು ಹಿಗ್ಗಿಹೋದ. ಕಚೇರಿ ಮುಟ್ಟುವ ಹೊತ್ತಿಗೆ ದೌಲಪ್ಪನ ಅಂಗಿ ಹಿಂಡಿದರೆ ನೀರು ಬರುವಂತಿರುತ್ತಿತ್ತು.

ಬೇಸಿಗೆ ಬಂತು. ಅಲ್ಲಿಯ ಬೇಸಿಗೆ ಎಂದರೆ ಬೆಳಿಗ್ಗೆಯೇ ಡಾಂಬರು ಮೆತ್ತಗಾಗುತ್ತದೆ. ಒಂದು ದಿನ ಬಂಡು ಸೊರಗಿದ ಮುಖದಲ್ಲಿ ಬಂದು ನಿಂತ.

"ಇವತ್ತ ಏಕಾದಶಿರಿ. ನೀರೂ ಮುಟ್ಟೂದಿಲ್ಲ. ಗಂಟಲಾ ಒಣಗೇದ, ಮಾತಿಗೆ ಇವತ್ತೊಂದಿನ ರಜಾ ಕೊಡ್ರಿ."

ಉಪವಾಸ ಇದ್ದವನನ್ನು ಮಾತಾಡು ಎಂದು ಹೇಗೆ ಕಾಡುವುದು? ದೌಲಪ್ಪ ಜೀವ ಅಂಗೈಯಲ್ಲಿ ಹಿಡಿದು ಹೊರಟ. ಮಹಾಗಾಂವ ದಾಟಿದ ಮೇಲೆ ಗಾಡಿ ಕೆಮ್ಮಿ ನಿಂತಿತು. ಪೆಟ್ರೋಲು ತಳ ಮುಟ್ಟಿತ್ತು. ಸ್ಕೂಟರನ್ನು ಒಂದು ಮಗ್ಗುಲಿಗೆ ಮಲಗಿಸಿ ಎಬ್ಬಿಸಿದರೆ ತಳದಲ್ಲಿದ್ದದ್ದು ಇಂಜಿನ್ನಿಗೆ ಇಳಿಯುತ್ತದೆ, ಇದು ಆ ಕಾಲದ ಸ್ಕೂಟರಿನವರಿಗೆಲ್ಲ ಗೊತ್ತಿದ್ದ ವಿದ್ಯೆ. ಬಂಡು ಇಳಿದ. ದೌಲಪ್ಪ ಗಾಡಿ ಮಲಗಿಸಿದ, ಎಬ್ಬಿಸಿದ, ಒದ್ದ. ಗಾಡಿ ಚಾಲೂ ಆಯಿತು. ಹಿಂದಿನ ಸೀಟಿನ ಮೇಲೆ ಏನೋ ಕೂತಂತಾಯಿತು, ಬೆನ್ನಿಗೆ ಮೆತ್ತಗೆ ತಾಗಿತು. ಎಲ್ಲಿ ಮತ್ತೆ ನಿಂತುಬಿಡುತ್ತದೋ ಎಂದು ತಡಮಾಡದೆ ಹೊರಟುಬಿಟ್ಟ.

ಹಿಂದೆ ದನಿಯಿಲ್ಲ. ಏಕಾದಶಿ ಎಂದು ತನಗೆ ತಾನೇ ಹೇಳಿಕೊಂಡ. ಆದರೂ ಎದೆ ಕೇಳಬೇಕಲ್ಲ. ಅವರು ಮಾತಾಡದಿದ್ದರೇನು, ನಾನೇ ಮಾತಾಡುತ್ತೇನೆ ಎಂದು ಬಿಸಿಲಿನ ಸುದ್ದಿ ತೆಗೆದ, ತೊಗರಿಯ ಧಾರಣೆಯ ಸುದ್ದಿ ತೆಗೆದ. ಬೆನ್ನಿಗೆ ತಾಗಿದ್ದೊಂದೇ ಅವನಿಗೆ ಧೈರ್ಯ. ಅಷ್ಟರಲ್ಲಿ ಗಾಡಿ ಒಂದು ತಗ್ಗಿಗೆ ಇಳಿದು ಕುಕ್ಕಿತು. ಬೆನ್ನ ಮೇಲಿದ್ದದ್ದು ಹೋಯಿತು.

ದೌಲಪ್ಪ ತಿರುಗಿ ನೋಡಲಿಲ್ಲ. ನೋಡಲಾಗಲಿಲ್ಲ. ನೋಡುವವರೆಗೆ ಬಂಡು ಇದ್ದಾನೆ, ನೋಡಿದರೆ ಇಲ್ಲ. "ಬಂಡುರಾವ್" ಅಂದ. "ಬಂಡುರಾವ್, ಹೂಂ ಅನ್ರಿ ಸಾಕು." ಕೈ ಮಾತ್ರ ಎಕ್ಸಲರೇಟರ್ ಬಿಡದೆ ತಿರುವುತ್ತಲೇ ಇತ್ತು. ಎದುರಿಗೆ ಬಂದ ಲಾರಿಯವನು ಬೈದು ಹಾರ್ನ್ ಹೊಡೆದಾಗ ಗಾಡಿ ತಾನಾಗಿಯೇ ಮಗ್ಗುಲಿಗೆ ಸರಿದು ನಿಂತಿತು. ಆಗ ತಿರುಗಿದ. ಖಾಲಿ ಸೀಟು.

ಹೇಗೆ ವಾಪಸು ತಿರುಗಿದನೋ ಶರಣಬಸವೇಶ್ವರನೇ ಬಲ್ಲ. ತಗ್ಗಿನ ಹತ್ತಿರ ರಸ್ತೆಯ ನಡುವೆ ಏನೋ ಬಿದ್ದಿತ್ತು. ಹತ್ತಿರ ಹೋದರೆ ಬಂಡುವಿನ ಕಚೇರಿಯ ಚೀಲ. ಮನುಷ್ಯ ಇಲ್ಲ. ಯಾರೋ ಎತ್ತಿಕೊಂಡು ದವಾಖಾನೆಗೆ ಹೋದರು, ದಾರಿಯಲ್ಲೇ ಉಸಿರು ಹೋಯಿತು, ಬ್ರಹ್ಮಪುರದಲ್ಲಿ ಬಂಡುವಿನ ಹೆಂಡತಿ ಬಾಗಿಲು ತೆಗೆದಳು, ನಾನೇನು ಹೇಳಲಿ? ಇಷ್ಟೂ ಅವನ ಕಣ್ಣ ಮುಂದೆ ಹಾದುಹೋಯಿತು. ಚೀಲ ಎದೆಗೆ ಒತ್ತಿಕೊಂಡು ಒಂದೇ ಕೈಯಲ್ಲಿ ಗಾಡಿ ನಡೆಸಿದ.

ಮುಂದೆ ಹುಣಸೆಮರದ ಕೆಳಗೆ ಜನ ನೆರೆದಿದ್ದರು. ಪಂಕ್ಚರ್ ಅಂಗಡಿಯ ಮಲಂಗಸಾಬ, ಹೊಲದಲ್ಲಿ ತೊಗರಿಕಟ್ಟಿಗೆ ಆರಿಸುತ್ತಿದ್ದ ಹೆಣ್ಣುಮಕ್ಕಳು. ನಡುವೆ ಮಲಂಗಸಾಬನ ಹಗ್ಗದ ಮಂಚದ ಮೇಲೆ, ತಲೆಗೆ ನೀರು ಸುರಿಸಿಕೊಂಡು, ಮುಖ ಕೆಂಪಗೆ ಮಾಡಿಕೊಂಡು ಬಂಡು ಕೂತಿದ್ದ. ಕೂತಿದ್ದ! ದೌಲಪ್ಪ ಸ್ಕೂಟರನ್ನು ಹಾಗೆಯೇ ಕೆಡವಿ ಓಡಿದ.

"ಏನ್ರಿ ದೌಲಪ್ಪ, ಕಣ್ಣಿಗೆ ಚಕ್ಕರ್ ಬಂತಂತ ಸೀಟಿನ ಮ್ಯಾಲ ಚೀಲಾ ಇಟ್ಟು ನೆರಳಿಗೆ ಬಂದ್ರ, ಬಿಟ್ಟೇ ಹೋಗೂದೇನ್ರಿ? ಒದರಿ ಒದರಿ ಗಂಟಲಾ ಹರೀತು!"

"ಹೌದು ಸಾಬ್" ಅಂದ ಮಲಂಗಸಾಬ. "ಇವರು ಒದರಿದ್ದು ಕೇಳಿ ಹೊಲದಾಗಿನ ಮಂದಿ ಓಡಿ ಬಂದಾರ. ನಿಮಗ ಹೆಂಗ ಕೇಳಲಿಲ್ಲ?"

ದೌಲಪ್ಪ ಇದ್ದಲ್ಲೇ ನೆಲದ ಮೇಲೆ ಕೂತ. ಅವನಿಗೆ ಏನೂ ಕೇಳಿರಲಿಲ್ಲ. ತಾಯಿ ಸದ್ದಿಲ್ಲದೆ ಬಿದ್ದಳು, ಒದರಿದ್ದರೆ ತನಗೆ ಕೇಳದೆ ಇರುತ್ತಿತ್ತೇ ಎಂಬ ಒಂದೇ ಮಾತಿನ ಮೇಲೆ ಅವನು ಇಷ್ಟು ವರ್ಷ ಊಟ ಮಾಡಿದ್ದ, ನಿದ್ದೆ ಮಾಡಿದ್ದ.

"ಹಂಗಾದ್ರ ನಮ್ಮವ್ವನೂ ಒದರಿರಬೇಕು" ಅಂದ. ಆಮೇಲೆ ಎಲ್ಲವನ್ನೂ ಹೇಳಿದ. ಮಹಾಗಾಂವ, ಅಗಸಿ, ಮನೆ ಕಟ್ಟುವ ಮಾತು. ಹೆಣ್ಣುಮಕ್ಕಳು ಸೆರಗು ಬಾಯಿಗೆ ಹಿಡಿದು ನಿಂತರು. "ದೌಲ್ಯಾ ಅಂತ ಒದರಿರಬೇಕು ನೋಡ್ರಿ. ನಾ ದೇವರ ಜಗಲಿ ಎಲ್ಲಿ ಕಟ್ಟಬೇಕಂತ ಹೇಳಾಕತ್ತಿದ್ದೆ."

ಬಂಡುವಿನ ಸಿಟ್ಟು ಎಲ್ಲಿ ಹೋಯಿತೋ. ಅವರ ಮನೆಯಲ್ಲಿ ಏಕಾದಶಿಯ ದಿನ ಹನಿ ನೀರು ನಾಲಿಗೆಗೆ ತಾಗಿದರೂ ವ್ರತ ಕೆಟ್ಟಿತು ಎನ್ನುತ್ತಾರೆ. ಒಂದು ಸುಳ್ಳು ಆಡಿದರಂತೂ ಕೇಳುವುದೇ ಬೇಡ.

"ನಾ ಎಲ್ಲಿ ಒದರೀನ್ರಿ?" ಅಂದ ಬಂಡು. "ಸಿಟ್ಟಿಗೆ ಅಂದೆ. ಒಣಗಿದ ಗಂಟಲಾ, ದನಿನೇ ಹೊಂಡಲಿಲ್ಲ. ಸಾಬರು ನನ್ನ ಕೈ ಸನ್ನಿ ನೋಡಿ ಬಂದ್ರು. ಹೌದಲ್ರಿ ಮಲಂಗಸಾಬ?"

ಮಲಂಗಸಾಬ ಬಂಡುವನ್ನು ನೋಡಿದ, ಕೆಳಗೆ ಕೂತವನನ್ನು ನೋಡಿದ. "ಹೌದು, ಹೌದು. ಕೈ ಮಾಡಿದ್ರು" ಅಂದ. ಹೆಣ್ಣುಮಕ್ಕಳೂ ತಲೆಯಾಡಿಸಿದರು.

"ಬಿದ್ದ ಕೂಡ್ಲೆ ಎಚ್ಚರ ತಪ್ಪಿರತದರಿ. ತಾಯಿ ಒದರಿರಲಿಕ್ಕಿಲ್ಲ" ಎಂದು ಹೇಳುತ್ತಿದ್ದ ಬಂಡುವಿನ ದನಿ ಒದರಿ ಒದರಿ ಒಡೆದು ಬಿರುಕು ಬಿಟ್ಟಿತ್ತು. ದೌಲಪ್ಪ ಆ ದನಿಯನ್ನೇ ಕೇಳುತ್ತ ಕೂತ. ಕೊನೆಗೆ, "ಇರಬಹುದ್ರಿ" ಅಂದ.